ಹಳೆಯ ಕಾಡಿನ ಕಾಲುದಾರಿ: ಕುದುರೆಮುಖದ ಕುರಿಂಜಾಲ್ ಚಾರಣಪಥದ ಬಗ್ಗೆ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡನ್ನು ಮಲೆನಾಡಿನ ಜನರು 'ಕಾನು' ಎಂದು ಕರೆಯುವುದು ವಾಡಿಕೆ. ನೂರಾರು ವರ್ಷಗಳಿಂದ ತನ್ನಷ್ಟಕ್ಕೆ ತಾನೇ ಬೆಳೆದು, ಬಿದ್ದ ಮರದ ಜಾಗದಲ್ಲಿ ತಾನೇ ಇನ್ನೊಂದು ಮರವನ್ನು ಬೆಳೆಸಿಕೊಂಡು ಬಂದಿರುವ ಇಂತಹ ಹಳೆಯ ಕಾಡಿನೊಳಗೆ ಸಾಮಾನ್ಯ ನಾಗರಿಕರು ಹೆಚ್ಚಿನ ಶ್ರಮವಿಲ್ಲದೆ ನಡೆದು ಹೋಗಬಹುದಾದ ದಾರಿಗಳು ಕೆಲವೇ ಇವೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕುರಿಂಜಾಲ್ ಚಾರಣಪಥವು ಅವುಗಳಲ್ಲಿ ಒಂದು.

ಈ ದಾರಿಯಲ್ಲಿ ನಡೆಯಲು ಪೂರ್ವಾನುಮತಿ ಏಕೆ ಬೇಕು, ಜನರ ಸಂಖ್ಯೆಗೆ ಮಿತಿ ಏಕೆ ಇದೆ, ಕೆಲವು ತಿಂಗಳು ದಾರಿಯನ್ನು ಏಕೆ ಮುಚ್ಚಲಾಗುತ್ತದೆ ಎಂಬ ಪ್ರಶ್ನೆಗಳು ಅರ್ಜಿದಾರರಿಂದ ಮೇಲಿಂದ ಮೇಲೆ ಬರುವುದು ಸಹಜ. ನಿಯಮವನ್ನು ತಿಳಿಸಿ ಕಾರಣವನ್ನು ತಿಳಿಸದಿದ್ದರೆ ಅದು ಅಡ್ಡಿಯಾಗಿ ಮಾತ್ರ ಕಾಣುತ್ತದೆ. ಆದುದರಿಂದ ನಿಯಮಗಳೊಂದಿಗೆ ಅವುಗಳ ಕಾರಣಗಳನ್ನೂ ಇಲ್ಲಿ ವಿವರಿಸಲಾಗಿದೆ.

2. ಉದ್ಯಾನದ ಸಂಕ್ಷಿಪ್ತ ಪರಿಚಯ

ಕುದುರೆಮುಖ ರಾಷ್ಟ್ರೀಯ ಉದ್ಯಾನವನ್ನು 1987ರಲ್ಲಿ ಘೋಷಿಸಲಾಯಿತು. ಇದರ ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರ್. ಇದು ಚಿಕ್ಕಮಗಳೂರು, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹರಡಿದೆ. ಇಲ್ಲಿ ನಡೆಯುತ್ತಿದ್ದ ಕಬ್ಬಿಣದ ಅದಿರಿನ ಗಣಿಗಾರಿಕೆಯು ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಡಿಸೆಂಬರ್ ಅಂತ್ಯಕ್ಕೆ ಸ್ಥಗಿತಗೊಂಡಿತು. 2012ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವ ಪರಂಪರೆಯ ತಾಣವೆಂದು ಮಾನ್ಯ ಮಾಡಿದ ಪಶ್ಚಿಮ ಘಟ್ಟದ 39 ಪ್ರದೇಶಗಳಲ್ಲಿ ಈ ಉದ್ಯಾನವೂ ಸೇರಿದೆ.

ತುಂಗಾ, ಭದ್ರಾ ಮತ್ತು ನೇತ್ರಾವತಿ ನದಿಗಳು ಈ ಉದ್ಯಾನದ ಗಂಗಾಮೂಲ ಪ್ರದೇಶದಲ್ಲಿ ಹುಟ್ಟುತ್ತವೆ. ಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗೂ, ಮಂಗಳೂರಿನ ಮನೆಗಳ ನಲ್ಲಿಗೂ ಈ ಕಾಡಿನೊಂದಿಗೆ ನೇರ ಸಂಬಂಧವಿದೆ. ಮಳೆಗಾಲದ ನೀರನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುವುದು ಇಲ್ಲಿನ ಕಾಡಿನ ಮಣ್ಣು ಹಾಗೂ ಬೆಟ್ಟದ ಹುಲ್ಲುಗಾವಲು.

3. ಚಾರಣಪಥದ ಸ್ವರೂಪ

ಕುರಿಂಜಾಲ್ ದಾರಿಯು ಬಹುಪಾಲು ಹಳೆಯ ಜೀಪು ರಸ್ತೆಯಾಗಿದ್ದು, ಏರು ನಿಧಾನವಾಗಿದೆ. ಕಡಿದಾದ ಬಂಡೆ ಹತ್ತುವ ಪ್ರಮೇಯವಿಲ್ಲ. ಚಾರಣದ ಅನುಭವವಿಲ್ಲದವರೂ, ಆರೋಗ್ಯವಾಗಿರುವ ಹಿರಿಯರೂ ಬಿಡುವು ಮಾಡಿಕೊಳ್ಳುತ್ತ ನಡೆಯಬಹುದು. ದಾರಿಯ ದೊಡ್ಡ ಭಾಗ ಮರಗಳ ನೆರಳಿನಲ್ಲಿ ಸಾಗಿ, ಕೊನೆಯ ಭಾಗದಲ್ಲಿ ಹುಲ್ಲುಗಾವಲಿಗೆ ತೆರೆದುಕೊಳ್ಳುತ್ತದೆ. ಹೃದಯ, ಶ್ವಾಸಕೋಶ ಅಥವಾ ಮಂಡಿಯ ತೊಂದರೆ ಇರುವವರು ವೈದ್ಯರ ಸಲಹೆ ಪಡೆದು ಅರ್ಜಿ ಸಲ್ಲಿಸುವುದು ಸೂಕ್ತ.

ಬೆಟ್ಟದ ಮೇಲಿನ ಹುಲ್ಲುಗಾವಲು ಕಾಡು ಕಡಿದು ಬೋಳಾದ ಜಾಗವೆಂಬ ತಪ್ಪು ತಿಳಿವಳಿಕೆ ಕೆಲವರಲ್ಲಿದೆ. ಕಣಿವೆಯ ಮಡಿಲಲ್ಲಿ ಶೋಲಾ ಕಾಡು, ದಿಬ್ಬದ ಮೇಲೆ ಹುಲ್ಲು ಎಂಬ ಈ ವಿನ್ಯಾಸವು ಪಶ್ಚಿಮ ಘಟ್ಟದ ಎತ್ತರದ ಪ್ರದೇಶಗಳ ನೈಸರ್ಗಿಕ ಲಕ್ಷಣವಾಗಿದೆ. ಎರಡನ್ನೂ ಸಮಾನವಾಗಿ ರಕ್ಷಿಸಬೇಕಾಗಿದೆ.

4. ದಾರಿಯಲ್ಲಿ ಗಮನಿಸಬೇಕಾದುದು

ಹೊರಗಿನ ಬಿಸಿಲಿನಿಂದ ಕಾಡಿನೊಳಗೆ ಕಾಲಿಟ್ಟ ಕೂಡಲೇ ಬೆಳಕು ಇಳಿಯುತ್ತದೆ, ಗಾಳಿ ತಂಪಾಗುತ್ತದೆ. ಎತ್ತರದ ಮರಗಳ ತಲೆಗಳು ಒಂದಕ್ಕೊಂದು ಸೇರಿ ಚಪ್ಪರದಂತೆ ಮುಚ್ಚಿರುವುದೇ ಇದಕ್ಕೆ ಕಾರಣ. ಆ ಚಪ್ಪರದ ಕೆಳಗೆ ಮಧ್ಯಮ ಎತ್ತರದ ಮರಗಳು, ಅವುಗಳ ಕೆಳಗೆ ಪೊದೆ, ಬೆತ್ತ ಮತ್ತು ಬಳ್ಳಿಗಳು, ನೆಲದಲ್ಲಿ ಸಸಿಗಳು ಮತ್ತು ತರಗೆಲೆ ಹೀಗೆ ಹಲವು ಅಂತಸ್ತುಗಳಿವೆ.

ದೊಡ್ಡ ಮರಗಳ ಬುಡದಲ್ಲಿ ಹಲಗೆಯಂತೆ ಚಾಚಿಕೊಂಡಿರುವ ಬೇರುಗಳನ್ನು ಗಮನಿಸಬಹುದು. ಇಲ್ಲಿ ಬೀಳುವ ಭಾರೀ ಮಳೆಗೆ ನೆನೆದ ತೆಳುವಾದ ಮಣ್ಣಿನಲ್ಲಿ ಅಷ್ಟೆತ್ತರದ ಮರ ಉರುಳದೆ ನಿಲ್ಲಲು ಈ ಬೇರುಗಳು ಆಧಾರವಾಗಿವೆ. ಬಿದ್ದು ಕೊಳೆಯುತ್ತಿರುವ ದಿಮ್ಮಿಯೂ ಹಳೆಯ ಕಾಡಿನ ಮುಖ್ಯ ಗುರುತು. ಅದರಲ್ಲಿ ಪಾಚಿ, ಅಣಬೆ, ಹುಳು, ಕಪ್ಪೆಗಳು ವಾಸಿಸುತ್ತವೆ. ಅದು ಕರಗಿದಂತೆ ಮುಂದಿನ ಮರಕ್ಕೆ ಗೊಬ್ಬರವಾಗುತ್ತದೆ. ಆದುದರಿಂದ ಅದನ್ನು ಸೌದೆಯೆಂದು ಭಾವಿಸಬಾರದು.

ಪಶ್ಚಿಮ ಘಟ್ಟದ ಇಂತಹ ಕಾಡುಗಳಲ್ಲಿ ಧೂಪ, ರಾಮಪತ್ರೆ, ಹೆಬ್ಬಲಸು, ಉಪ್ಪಾಗೆ ಮೊದಲಾದ ಮರಗಳಿವೆ. ಸಿಂಗಳೀಕ, ಕೆಂಚಳಿಲು, ಮಂಗಟ್ಟೆ ಹಕ್ಕಿ, ಕಾಟಿ ಮತ್ತು ಕಾಳಿಂಗ ಸರ್ಪಗಳಿಗೆ ಇದು ನೆಲೆ. ಇವೆಲ್ಲವೂ ಒಂದೇ ದಿನ ಕಣ್ಣಿಗೆ ಬೀಳುತ್ತವೆಯೆಂದು ನಿರೀಕ್ಷಿಸಬಾರದು. ಸದ್ದಿಲ್ಲದೆ ನಡೆದು, ಆಗಾಗ ಹತ್ತು ನಿಮಿಷ ನಿಂತು ಕಿವಿಗೊಟ್ಟವರಿಗೆ, ಅವಸರದಲ್ಲಿ ತುದಿ ಮುಟ್ಟಿ ಬಂದವರಿಗಿಂತ ಹೆಚ್ಚು ಕಾಣಸಿಗುತ್ತದೆ.

5. ದಾರಿ ಬಿಟ್ಟು ನಡೆಯಬಾರದೇಕೆ

ಎಲ್ಲ ನಿಯಮಗಳಲ್ಲಿಯೂ ಇದು ಮುಖ್ಯವಾದುದು. ಧೂಪ, ರಾಮಪತ್ರೆ ಮುಂತಾದ ಮರಗಳ ಬೀಜಗಳನ್ನು ರಾಗಿ, ಭತ್ತದಂತೆ ಒಣಗಿಸಿ ದಾಸ್ತಾನಿಡಲು ಬರುವುದಿಲ್ಲ. ತೇವ ಆರಿದರೆ ಮೊಳೆಯುವ ಶಕ್ತಿಯೇ ಹೋಗುತ್ತದೆ. ಅವು ಬಿದ್ದ ಕೆಲವೇ ದಿನಗಳಲ್ಲಿ ತರಗೆಲೆಯ ತೇವದಲ್ಲಿ ಮೊಳೆತು, ದೊಡ್ಡ ಮರಗಳ ನೆರಳಿನಲ್ಲಿ ಸಣ್ಣ ಸಸಿಗಳಾಗಿಯೇ ವರ್ಷಗಟ್ಟಲೆ ಕಾಯುತ್ತವೆ. ಎಂದಾದರೂ ಒಂದು ಹಳೆಯ ಮರ ಬಿದ್ದು ಬೆಳಕಿನ ಕಿಂಡಿ ತೆರೆದಾಗ ಮಾತ್ರ ಅವುಗಳಿಗೆ ಬೆಳೆಯುವ ಸರದಿ ಬರುತ್ತದೆ.

ಅಂದರೆ ಪಾದದೆತ್ತರಕ್ಕಿರುವ, ಕಳೆಯಂತೆ ಕಾಣುವ ಸಸಿಯು ಈಗಾಗಲೇ ಹಲವು ವರ್ಷ ಕಾದಿರುವ, ಮುಂದಿನ ಶತಮಾನದ ದೊಡ್ಡ ಮರವಾಗಬಲ್ಲ ಸಸಿಯಾಗಿರಬಹುದು. ಛಾಯಾಚಿತ್ರಕ್ಕೆಂದು ಪಕ್ಕಕ್ಕಿಟ್ಟ ಒಂದು ಹೆಜ್ಜೆಗೆ ಅದು ಮುರಿಯುತ್ತದೆ.

ಎರಡನೆಯ ಕಾರಣ ಮಣ್ಣು. ಒಂದೇ ಜಾಗವನ್ನು ಹಲವರು ತುಳಿದಾಗ ಮಣ್ಣು ಗಟ್ಟಿಯಾಗಿ ನೀರು ಇಂಗುವುದು ನಿಲ್ಲುತ್ತದೆ. ಮಳೆಯ ನೀರು ಮೇಲೆಯೇ ಹರಿದು ಮೊದಲು ತರಗೆಲೆಯನ್ನು, ನಂತರ ಮಣ್ಣನ್ನು ಕೊಚ್ಚಿಕೊಂಡು ಹೋಗಿ ಕೊರಕಲು ಬೀಳುತ್ತದೆ. ತಿರುವುಗಳಲ್ಲಿ ಅಡ್ಡದಾರಿ ಹಿಡಿಯುವುದರಿಂದ ಉಳಿಯುವುದು ನಡೆಯುವವರ ನಾಲ್ಕೈದು ನಿಮಿಷ; ಕೊರಕಲು ಮಾತ್ರ ವರ್ಷವರ್ಷಕ್ಕೂ ಆಳವಾಗುತ್ತದೆ.

ಬಯಲಿನಲ್ಲಿ ಗಿಡ ನೆಟ್ಟು ನೆಡುತೋಪು ಬೆಳೆಸಬಹುದು. ಆದರೆ ನೆರಳು, ತೇವ, ಕೊಳೆತ ದಿಮ್ಮಿ, ಬೀಜ ಒಯ್ಯುವ ಹಕ್ಕಿ ಇವೆಲ್ಲ ಸೇರಿದ ಹಳೆಯ ಕಾಡನ್ನು ಒಂದು ಯೋಜನಾ ಅವಧಿಯಲ್ಲಿ ನಿರ್ಮಿಸಲು ಯಾವ ಅನುದಾನದಿಂದಲೂ ಸಾಧ್ಯವಿಲ್ಲ. ಇದು ಹಿರಿಯರು ಬಿಟ್ಟುಹೋದ ಮೂಲಧನ. ಇದರ ಬಡ್ಡಿಯಾದ ನೀರು, ತಂಪು ಮತ್ತು ನೋಟವನ್ನು ಅನುಭವಿಸಬಹುದು, ಅಸಲನ್ನು ಮುಟ್ಟಬಾರದು.

6. ಸಂಖ್ಯಾ ಮಿತಿ ಮತ್ತು ಮುಚ್ಚುವ ಅವಧಿ

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಯ ಸಮಯದಲ್ಲಿ ಕುಮಾರಪರ್ವತ ಚಾರಣಪಥಕ್ಕೆ ಸಾವಿರಾರು ಜನರು ಒಮ್ಮೆಲೇ ಬಂದು ದಟ್ಟಣೆ ಉಂಟಾಯಿತು. ಇದರ ನಂತರ ಚಾರಣಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಅದೇ ವರ್ಷದ ಅಕ್ಟೋಬರ್‌ನಿಂದ 'ಅರಣ್ಯ ವಿಹಾರ' ಜಾಲತಾಣದ ಮೂಲಕ ಮುಂಗಡ ನೋಂದಣಿ ಆರಂಭಿಸಲಾಯಿತು. ಒಂದು ಚಾರಣಪಥದಲ್ಲಿ ದಿನಕ್ಕೆ ಗರಿಷ್ಠ 300 ಜನರೆಂಬ ಮಿತಿಯನ್ನೂ ವಿಧಿಸಲಾಯಿತು. ದಾರಿ ಸುಲಭವಾಗಿದ್ದಷ್ಟೂ ಜನ ಹೆಚ್ಚು ಬರುತ್ತಾರೆ. ಹೀಗಾಗಿ ಸುಲಭವಾದ ದಾರಿಗೇ ಮಿತಿಯ ಅಗತ್ಯ ಹೆಚ್ಚು.

ಬೇಸಿಗೆಯಲ್ಲಿ ಬೆಟ್ಟದ ಹುಲ್ಲು ಒಣಗಿ ಕಿಡಿಯೊಂದಕ್ಕೆ ಹೊತ್ತಿಕೊಳ್ಳುವ ಸ್ಥಿತಿಯಲ್ಲಿರುತ್ತದೆ. ಹುಲ್ಲಿನ ಬೆಂಕಿ ಕಾಡಿನ ಅಂಚನ್ನು ಸುಟ್ಟಾಗ ತೇವವನ್ನೇ ನಂಬಿದ ಸಸಿಗಳು ಮತ್ತೆ ಚಿಗುರುವುದು ದುಸ್ತರ. ಅದೇ ತಿಂಗಳುಗಳಲ್ಲಿ ಮಂಗಟ್ಟೆ ಹಕ್ಕಿಗಳು ಗೂಡು ಕಟ್ಟುತ್ತವೆ. ಹೆಣ್ಣು ಹಕ್ಕಿಯು ಹಳೆಯ ಮರದ ಪೊಟರೆಯೊಳಗೆ ಸೇರಿ ಬಾಗಿಲನ್ನು ಮುಚ್ಚಿಕೊಳ್ಳುತ್ತದೆ. ಗಂಡು ಹಕ್ಕಿ ಸಣ್ಣ ಸೀಳಿನ ಮೂಲಕ ಹಣ್ಣು ತಂದು ಉಣಿಸುತ್ತದೆ. ಗದ್ದಲಕ್ಕೆ ಹೆದರಿ ಗಂಡು ಬಾರದಿದ್ದರೆ ಒಳಗಿರುವ ತಾಯಿ ಮತ್ತು ಮರಿಗಳಿಗೆ ಆಹಾರವಿಲ್ಲ. ಕಾಳ್ಗಿಚ್ಚಿನ ಅಪಾಯ ಅಥವಾ ವಿಪರೀತ ಮಳೆ ಇದ್ದಾಗ ಚಾರಣವನ್ನು ನಿಲ್ಲಿಸಲಾಗುತ್ತದೆ. ಪ್ರಯಾಣಕ್ಕೆ ಮುನ್ನ ಜಾಲತಾಣದಲ್ಲಿ ಅಂದಿನ ಸ್ಥಿತಿಯನ್ನು ಖಚಿತಪಡಿಸಿಕೊಳ್ಳತಕ್ಕದ್ದು.

7. ಅನುಮತಿ ಪಡೆಯುವ ವಿಧಾನ

ಅ) ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಅನ್ವಯ ರಾಷ್ಟ್ರೀಯ ಉದ್ಯಾನದೊಳಗೆ ಪರವಾನಗಿಯಿಲ್ಲದ ಪ್ರವೇಶಕ್ಕೆ ನಿರ್ಬಂಧವಿದೆ. ಪ್ರವಾಸೋದ್ದೇಶಕ್ಕೆ ಪರವಾನಗಿ ನೀಡಲು ಅದೇ ಕಾಯ್ದೆಯ 28ನೇ ಪ್ರಕರಣದಲ್ಲಿ ಅವಕಾಶವಿದೆ.

ಆ) ಅರ್ಜಿದಾರರು 'ಅರಣ್ಯ ವಿಹಾರ' ಜಾಲತಾಣದಲ್ಲಿ ಚಾರಣಪಥ ಮತ್ತು ದಿನಾಂಕವನ್ನು ಆಯ್ಕೆ ಮಾಡಿ, ಬರುವ ಪ್ರತಿಯೊಬ್ಬರ ವಿವರವನ್ನು ಗುರುತಿನ ಚೀಟಿಯಲ್ಲಿರುವಂತೆಯೇ ನಮೂದಿಸಬೇಕು.

ಇ) ಶುಲ್ಕವು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುವುದರಿಂದ ಅರ್ಜಿ ಸಲ್ಲಿಸುವ ದಿನ ಜಾಲತಾಣದಲ್ಲಿ ತೋರಿಸಲಾಗುವ ದರವನ್ನೇ ಪಾವತಿಸಬೇಕು. ಮಧ್ಯವರ್ತಿಗಳಿಗೆ ಹಣ ನೀಡಬಾರದು.

ಈ) ನೋಂದಣಿ ಪತ್ರ ಮತ್ತು ಮೂಲ ಗುರುತಿನ ಚೀಟಿಯನ್ನು ಪ್ರವೇಶ ಸ್ಥಳದಲ್ಲಿ ಹಾಜರುಪಡಿಸಿ, ಸಿಬ್ಬಂದಿ ಮತ್ತು ಮಾರ್ಗದರ್ಶಿಯ ಸೂಚನೆಯಂತೆ ನಡೆಯಬೇಕು. ಸಂಜೆಯೊಳಗೆ ಹಿಂದಿರುಗುವುದು ಕಡ್ಡಾಯ.

8. ನಿಷೇಧಿತ ಕೃತ್ಯಗಳು

ವನ್ಯಪ್ರಾಣಿಗಳನ್ನು ಕೆಣಕುವುದು ಮತ್ತು ಕಸ ಎಸೆಯುವುದು ಕಾಯ್ದೆಯ 27ನೇ ಪ್ರಕರಣದಂತೆ ನಿಷಿದ್ಧ. ಬೆಂಕಿ ಹಚ್ಚುವುದು, ಧೂಮಪಾನ, ಮದ್ಯಪಾನ, ಧ್ವನಿವರ್ಧಕದ ಬಳಕೆ, ಗಿಡ, ಹೂವು, ಕಾಯಿ ಕೀಳುವುದು, ಮರದ ಮೇಲೆ ಹೆಸರು ಕೆತ್ತುವುದು ಇವುಗಳಿಗೂ ಅವಕಾಶವಿಲ್ಲ.

ಸಿಂಗಳೀಕಗಳಿಗೆ ಬಾಳೆಹಣ್ಣು, ಬಿಸ್ಕತ್ತು ನೀಡುವುದನ್ನು ಕೆಲವರು ಪುಣ್ಯಕಾರ್ಯವೆಂದು ಭಾವಿಸುತ್ತಾರೆ. ಮರದ ತುದಿಯಲ್ಲೇ ಬಾಳುವ ಈ ಪ್ರಾಣಿಯು ಇದರಿಂದ ನೆಲಕ್ಕೆ, ರಸ್ತೆಗೆ ಇಳಿಯುವುದನ್ನು ಕಲಿತು ವಾಹನಗಳಿಗೆ ಸಿಲುಕುತ್ತದೆ. ಅಂತಹ ಔದಾರ್ಯವು ಪ್ರಾಣಾಪಾಯವೇ ಆಗಿದೆ.

9. ಆರೋಗ್ಯ ಮತ್ತು ಸುರಕ್ಷತೆ

ಮಳೆಗಾಲ ಮತ್ತು ಅದರ ನಂತರದ ದಿನಗಳಲ್ಲಿ ಇಂಬಳಗಳು ಹೆಚ್ಚು. ಇವುಗಳಿಂದ ಸಾಮಾನ್ಯವಾಗಿ ಅಪಾಯವಿಲ್ಲ. ಕಚ್ಚಿದ ಇಂಬಳವನ್ನು ಎಳೆದು ಕೀಳದೆ ಉಗುರಿನಿಂದ ಮೆಲ್ಲನೆ ಸರಿಸಿ, ಗಾಯವನ್ನು ತೊಳೆದು ಒತ್ತಿ ಹಿಡಿಯಬೇಕು.

ಮಂಗನ ಕಾಯಿಲೆಯ ಬಗ್ಗೆ ಹೆಚ್ಚಿನ ಎಚ್ಚರ ಅಗತ್ಯ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗವು ಸೋಂಕಿತ ಉಣುಗಿನ ಕಡಿತದಿಂದ ಹರಡುತ್ತದೆ. ಚಳಿಗಾಲದಿಂದ ಬೇಸಿಗೆಯವರೆಗೆ ಇದರ ಹಾವಳಿ ಹೆಚ್ಚು. ಉದ್ದ ತೋಳಿನ ಅಂಗಿ ಧರಿಸಿ, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಬೇಕು. ತರಗೆಲೆಯ ಮೇಲೆ ಕೂರಬಾರದು. ಹಿಂದಿರುಗಿದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಗಳನ್ನು ಒಗೆಯಬೇಕು. ಸತ್ತ ಮಂಗ ಕಂಡಲ್ಲಿ ಹತ್ತಿರ ಹೋಗದೆ ಸಿಬ್ಬಂದಿಗೆ ತಿಳಿಸಬೇಕು. ಕಾಡಿನಿಂದ ಬಂದ ಒಂದೆರಡು ವಾರಗಳಲ್ಲಿ ತೀವ್ರ ಜ್ವರ, ತಲೆನೋವು ಕಾಣಿಸಿಕೊಂಡರೆ ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಹಾವು ಕಂಡರೆ ನಿಂತು, ಅದು ಸರಿದುಹೋಗಲು ಸಮಯ ಕೊಡಬೇಕು. ಗುರುತಿಲ್ಲದ ಗಿಡಮರಗಳನ್ನು ಮುಟ್ಟಬಾರದು. ಕೆಲವು ಮರಗಳ ಸೊನೆ ತಗುಲಿದರೆ ಚರ್ಮ ಬಾತು ಗುಳ್ಳೆಯೇಳುತ್ತದೆ. ದಾರಿಯಲ್ಲಿ ಮೊಬೈಲ್ ಸಂಪರ್ಕವನ್ನು ನಂಬುವಂತಿಲ್ಲವಾದ್ದರಿಂದ ಹೋಗುವ ಮತ್ತು ಮರಳುವ ಸಮಯವನ್ನು ಮನೆಯವರಿಗೆ ಮೊದಲೇ ತಿಳಿಸಿರಬೇಕು. ಸಂಪರ್ಕ ದೊರೆತಲ್ಲಿ ತುರ್ತು ಸೇವೆಯ ಸಂಖ್ಯೆ 112.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನೋಂದಣಿ ದೊರೆಯದಿದ್ದರೂ ಸ್ಥಳಕ್ಕೆ ಬಂದರೆ ಪ್ರವೇಶ ದೊರೆಯುವುದೇ?
ಉತ್ತರ: ಇಲ್ಲ. ದೂರದಿಂದ ಬಂದಿದ್ದಾರೆಂಬ ಕಾರಣಕ್ಕೆ ಸಿಬ್ಬಂದಿ ವಿನಾಯಿತಿ ನೀಡಲು ಬರುವುದಿಲ್ಲ. ಬೇರೊಂದು ದಿನಾಂಕಕ್ಕೆ ಅರ್ಜಿ ಸಲ್ಲಿಸಬಹುದು. ವಾರಾಂತ್ಯಕ್ಕಿಂತ ವಾರದ ಮಧ್ಯದ ದಿನಗಳಲ್ಲಿ ನೋಂದಣಿ ದೊರೆಯುವ ಸಂಭವ ಹೆಚ್ಚು. ಕಾಡೂ ಆಗ ಹೆಚ್ಚು ಶಾಂತವಾಗಿರುತ್ತದೆ.

ಪ್ರಶ್ನೆ: ಹಣ್ಣಿನ ಸಿಪ್ಪೆ ಕೊಳೆಯುವ ವಸ್ತುವಲ್ಲವೇ? ಎಸೆದರೆ ತಪ್ಪೇನು?
ಉತ್ತರ: ಅದು ಕೊಳೆಯುವ ಮುನ್ನ ಪ್ರಾಣಿಗಳನ್ನು ದಾರಿಯ ಬಳಿಗೆ ಸೆಳೆಯುತ್ತದೆ. ತಂದುದೆಲ್ಲವನ್ನೂ ಮರಳಿ ಒಯ್ಯಬೇಕು.

ಪ್ರಶ್ನೆ: ಒಬ್ಬರು ಒಮ್ಮೆ ದಾರಿ ಬಿಟ್ಟು ನಡೆದರೆ ಅಷ್ಟು ದೊಡ್ಡ ಕಾಡಿಗೆ ಏನಾಗುತ್ತದೆ?
ಉತ್ತರ: ಒಬ್ಬರ ಹೆಜ್ಜೆಯಿಂದ ಆಗುವುದು ಅಲ್ಪ. ಆದರೆ ದಿನಕ್ಕೆ 300 ಜನರು ಬರುವ ದಾರಿಯಲ್ಲಿ ಪ್ರತಿಯೊಬ್ಬರೂ ಹಾಗೆಯೇ ಭಾವಿಸಲು ಸಮಾನ ಹಕ್ಕುಳ್ಳವರು. ಮುಂದೆ ಹೋದವರ ಹೆಜ್ಜೆಯನ್ನು ಹಿಂದೆ ಬರುವವರು ದಾರಿಯೆಂದೇ ತಿಳಿಯುತ್ತಾರೆ.

11. ಕೋರಿಕೆ

ದಾರಿಯ ಇಕ್ಕೆಲಗಳಲ್ಲಿ ಇಂದು ನೆರಳು ನೀಡುತ್ತಿರುವ ಮರಗಳು ಸಸಿಗಳಾಗಿದ್ದಾಗ ಅವುಗಳನ್ನು ಯಾರೂ ತುಳಿಯದಿದ್ದುದರಿಂದಲೇ ಈ ಕಾಡು ಉಳಿದುಬಂದಿದೆ. ಅನುಮತಿ ಪಡೆದು, ನಿಗದಿತ ದಾರಿಯಲ್ಲಿಯೇ ನಡೆದು, ಬಂದ ಗುರುತು ಉಳಿಸದೆ ಹಿಂದಿರುಗುವ ಮೂಲಕ ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.