ಟ್ಯಾಬ್ ಒತ್ತಿದರೆ ಏನಾಗಬೇಕು? ನೀವೇ ಹೇಳಿ

ಲ್ಯಾಪ್‌ಟಾಪ್ ಕೀಬೋರ್ಡ್‌ನ ಎಡಗಡೆ, ಕ್ಯಾಪ್ಸ್ ಲಾಕ್ ಮೇಲಿನ ಕೀ ಒಮ್ಮೆ ನೋಡಿ. ದಿನಕ್ಕೆ ಎಷ್ಟು ಸಲ ಬೆರಳು ಅದರ ಮೇಲೆ ಬೀಳುತ್ತೋ ಲೆಕ್ಕ ಇಟ್ಟವರಿಲ್ಲ. ಫಾರ್ಮ್ ತುಂಬುವಾಗ ಮುಂದಿನ ಬಾಕ್ಸ್‌ಗೆ ಹೋಗೋಕೆ, ಆಲ್ಟ್ ಜೊತೆ ಒತ್ತಿ ವಿಂಡೋ ಬದಲಿಸೋಕೆ (ಮ್ಯಾನೇಜರ್ ಹಿಂದೆ ಬಂದು ನಿಂತಾಗ ವಿಶೇಷವಾಗಿ), ಕೋಡ್ ಬರೆಯುವಾಗ ಸಾಲನ್ನು ಒಳಗೆ ತಳ್ಳೋಕೆ.

ಗೊಂದಲ ಇರೋದು ಈ ಕೊನೆಯ ಕೆಲಸದಲ್ಲೇ. ಎಡಿಟರ್‌ನಲ್ಲಿ ಟ್ಯಾಬ್ ಒತ್ತಿದಾಗ ಫೈಲ್ ಒಳಗೆ ನಿಜವಾಗಿ ಬಿದ್ದದ್ದೇನು ಅಂತ ಕೇಳಿದರೆ, ವರ್ಷಗಟ್ಟಲೆ ಕೋಡ್ ಬರೆದವರೂ ಒಂದು ಕ್ಷಣ ತಡೆದು ಯೋಚಿಸ್ತಾರೆ. ಕಣ್ಣಿಗೆ ಕಾಣೋದು ಬರೀ ಖಾಲಿ ಜಾಗ. ಅದು ಒಂದೇ ಒಂದು ಟ್ಯಾಬ್ ಅಕ್ಷರ ಇರಬಹುದು, ನಾಲ್ಕು ಸ್ಪೇಸ್ ಇರಬಹುದು, ಎರಡರ ಚಿತ್ರಾನ್ನವೂ ಇರಬಹುದು. ಟ್ಯಾಬ್ ಕೀ ಬೇರೆ, ಟ್ಯಾಬ್ ಅಕ್ಷರ ಬೇರೆ. ಕೀ ನಿಮ್ಮದು, ಹೇಗೆ ಬೇಕಾದರೂ ಇಟ್ಟುಕೊಳ್ಳಿ. ಫೈಲ್‌ನಲ್ಲಿ ಬೀಳುವ ಅಕ್ಷರ ಮಾತ್ರ ಆ ಫೈಲ್ ತೆರೆಯುವ ಎಲ್ಲರಿಗೂ ಸೇರಿದ್ದು. ಇಷ್ಟು ಬಿಡಿಸಿಕೊಂಡರೆ ಮುಕ್ಕಾಲು ಜಗಳ ಅಲ್ಲೇ ಮುಗೀತು.

ಟೈಪ್‌ರೈಟರ್ ಕಾಲದ ತಡೆ

ಟ್ಯಾಬ್ ಅಂದರೆ ಟ್ಯಾಬ್ಯುಲೇಟರ್, ಪಟ್ಟಿ ಮಾಡುವ ಸಾಧನ. ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗೆ ಹೋಗಿ ಜೂನಿಯರ್, ಸೀನಿಯರ್ ಪರೀಕ್ಷೆ ಪಾಸು ಮಾಡಿದ ಅಮ್ಮನೋ ದೊಡ್ಡಪ್ಪನೋ ಮನೆಯಲ್ಲಿದ್ದರೆ ಕೇಳಿ ನೋಡಿ. ಅಂಕಿಗಳ ಸ್ಟೇಟ್‌ಮೆಂಟ್ ಟೈಪ್ ಮಾಡೋಕೆ ಮುಂಚೆ ಹಾಳೆಯ ಅಗಲ ಎಣಿಸಿ, ಯಾವ ಕಾಲಂ ಎಲ್ಲಿ ಶುರುವಾಗಬೇಕು ಅಂತ ಲೆಕ್ಕ ಹಾಕಿ, ಯಂತ್ರದಲ್ಲಿ ಅಲ್ಲಲ್ಲಿ ತಡೆ ಇಡಬೇಕಿತ್ತು. ಆಮೇಲೆ ಟ್ಯಾಬ್ ಒತ್ತಿದರೆ ಕ್ಯಾರೇಜ್ ಸರ್ರನೆ ಓಡಿ ಆ ತಡೆಗೆ ಬಡಿದು ನಿಲ್ಲುತ್ತಿತ್ತು. ಈಗಲೂ ಎಷ್ಟೋ ಕೀಬೋರ್ಡ್‌ಗಳಲ್ಲಿ ಟ್ಯಾಬ್ ಮೇಲಿನ ಬಾಣ ಒಂದು ಪುಟ್ಟ ಗೋಡೆಗೆ ತಾಗಿ ನಿಂತ ಹಾಗೆ ಬರೆದಿರುತ್ತೆ. ಅಂದರೆ ತಡೆ ಎಲ್ಲಿರಬೇಕು ಅನ್ನೋದನ್ನು ಮೊದಲಿನಿಂದಲೂ ಕೂತು ಟೈಪ್ ಮಾಡುವವರೇ ತೀರ್ಮಾನಿಸ್ತಿದ್ದರು.

ಕಂಪ್ಯೂಟರ್ ಬಂದಾಗ ಇದಕ್ಕೆ ಒಂದು ಅಕ್ಷರದ ಸ್ಥಾನವೇ ಸಿಕ್ಕಿತು. ಆಸ್ಕಿ ಸಂಕೇತ ಪಟ್ಟಿಯಲ್ಲಿ 9ನೇ ಸಂಖ್ಯೆ ಟ್ಯಾಬ್‌ನದ್ದು. ಆದರೆ ಅದು ಎಷ್ಟು ಅಗಲ ಅಂತ ಆ ಪಟ್ಟಿ ಹೇಳಲ್ಲ, 'ಮುಂದಿನ ತಡೆಗೆ ಹೋಗು' ಅನ್ನುತ್ತೆ ಅಷ್ಟೆ. ಹಳೆಯ ಟರ್ಮಿನಲ್‌ಗಳಲ್ಲಿ ಎಂಟು ಕಾಲಂಗೆ ಒಂದು ತಡೆ ಅನ್ನೋದು ರೂಢಿಯಾಯ್ತು. ಲಿನಕ್ಸ್ ಕರ್ನಲ್‌ನ ಕೋಡ್ ಬರೆಯುವವರು ಇವತ್ತಿಗೂ ಎಂಟನ್ನೇ ಹಿಡಿದುಕೊಂಡಿದ್ದಾರೆ. ಪೈಥಾನ್‌ನ ಪೆಪ್ 8 ನಿಯಮಾವಳಿ ನಾಲ್ಕು ಸ್ಪೇಸ್ ಹಾಕಿ ಅನ್ನುತ್ತೆ. ಗೋ ಭಾಷೆಯವರು ಚರ್ಚೆಗೇ ಜಾಗ ಕೊಡಲಿಲ್ಲ, ಗೋಫಮ್ಟ್ ಎಂಬ ಟೂಲ್ ಕೊಟ್ಟು ಎಲ್ಲರ ಕೋಡನ್ನೂ ಟ್ಯಾಬ್‌ಗೆ ತಂದುಬಿಟ್ಟರು. ನನಗೆ ಈ ದಾರಿ ಇಷ್ಟ.

ಜಗಳ ಎಷ್ಟು ಹಳೆಯದು ಅಂದರೆ ಟಿವಿಗೂ ಬಂದಿದೆ. 2016ರಲ್ಲಿ ಪ್ರಸಾರವಾದ 'ಸಿಲಿಕಾನ್ ವ್ಯಾಲಿ' ಧಾರಾವಾಹಿಯ ಒಂದು ಕಂತಿನಲ್ಲಿ, ಹುಡುಗಿ ಸ್ಪೇಸ್ ಬಳಸ್ತಾಳೆ ಅನ್ನೋ ಕಾರಣಕ್ಕೆ ನಾಯಕ ರಿಚರ್ಡ್‌ನ ಪ್ರೀತಿಯೇ ಮುರಿದುಬೀಳುತ್ತೆ. ಅವಳು ಸ್ಪೇಸ್ ಬಾರನ್ನು ಟಕ ಟಕ ಅಂತ ಕುಟ್ಟುವ ದೃಶ್ಯ ನೋಡಿ ಪ್ರೋಗ್ರಾಮರ್‌ಗಳು ನಕ್ಕಿದ್ದು ಬೇರೆ ಕಾರಣಕ್ಕೆ. ಸ್ಪೇಸ್ ಪಕ್ಷದವರು ಯಾರೂ ಹಾಗೆ ಕುಟ್ಟಲ್ಲ. ಅವರೂ ಒತ್ತೋದು ಟ್ಯಾಬನ್ನೇ, ಅದನ್ನು ನಾಲ್ಕು ಸ್ಪೇಸ್ ಮಾಡಿ ಹಾಕೋದು ಎಡಿಟರ್. ಮರುವರ್ಷ, 2017ರಲ್ಲಿ, ಸ್ಟ್ಯಾಕ್ ಓವರ್‌ಫ್ಲೋ ಸಮೀಕ್ಷೆಯಲ್ಲಿ ಸ್ಪೇಸ್ ಬಳಸುವವರ ಸಂಬಳ ಜಾಸ್ತಿ ಅಂತಲೂ ಕಂಡುಬಂತು. ಅದನ್ನು ನಂಬಿ ಅಪ್ರೈಸಲ್‌ಗೆ ಮುಂಚೆ ಸೆಟ್ಟಿಂಗ್ ಬದಲಿಸಬೇಡಿ.

ಖಾಲಿ ಜಾಗ ಕೊಡುವ ಪೆಟ್ಟು

ತಮಾಷೆ ಬಿಡಿ, ಕೆಲವು ಕಡೆ ಈ ಕಾಣದ ಅಕ್ಷರ ಪ್ರೋಗ್ರಾಂನ ಅರ್ಥವನ್ನೇ ಬದಲಿಸುತ್ತೆ. ಪೈಥಾನ್‌ನಲ್ಲಿ ಯಾವ ಸಾಲು ಯಾವುದರ ಒಳಗಿದೆ ಅನ್ನೋದು ಖಾಲಿ ಜಾಗದಿಂದಲೇ ಗೊತ್ತಾಗಬೇಕು. ಹಳೆಯ ಪೈಥಾನ್ 2 ಟ್ಯಾಬನ್ನು ಎಂಟರ ಲೆಕ್ಕದಲ್ಲಿ ಓದುತ್ತಿತ್ತು. ನಿಮ್ಮ ಎಡಿಟರ್ ಅದೇ ಟ್ಯಾಬನ್ನು ನಾಲ್ಕರ ಅಗಲಕ್ಕೆ ತೋರಿಸ್ತಾ ಇದ್ದರೆ, ಒಂದು ಟ್ಯಾಬ್ ಹಾಕಿದ ಸಾಲು ಮತ್ತು ನಾಲ್ಕು ಸ್ಪೇಸ್ ಹಾಕಿದ ಸಾಲು ನಿಮ್ಮ ಕಣ್ಣಿಗೆ ಒಂದೇ ನೇರ, ಪೈಥಾನ್‌ಗೆ ಒಂದು ಎಂಟು, ಇನ್ನೊಂದು ನಾಲ್ಕು. ಬಿಲ್ ಲೆಕ್ಕ ಹಾಕುವ ಪ್ರೋಗ್ರಾಂ ಅಂದುಕೊಳ್ಳಿ. ಪ್ರತಿ ಗ್ರಾಹಕರಿಗೂ ನಡೆಯಬೇಕಾದ ಒಂದು ಸಾಲು, ಟ್ಯಾಬ್ ಬಿದ್ದ ಕಾರಣಕ್ಕೆ, ಮೇಲಿನ 'ಇಫ್' ಷರತ್ತಿನ ಒಳಗೆ ಸೇರಿಕೊಂಡು ಕೆಲವರಿಗೆ ಮಾತ್ರ ನಡೆಯುತ್ತೆ. ಎರರ್ ಇಲ್ಲ, ಕೆಂಪು ಗೆರೆ ಇಲ್ಲ, ಮೊತ್ತ ಮಾತ್ರ ತಪ್ಪು. 2008ರಲ್ಲಿ ಬಂದ ಪೈಥಾನ್ 3 ಇಂಥ ಕಲಬೆರಕೆ ಕಂಡರೆ 'ಟ್ಯಾಬ್ ಎರರ್' ಅಂತ ಹೇಳಿ ಓಡೋಕೇ ಒಪ್ಪಲ್ಲ. ಒಳ್ಳೇದಾಯ್ತು.

ಸರ್ವರ್ ಕೆಲಸದವರು ದಿನಾ ನೋಡುವ ಯಾಮೆಲ್ ಫೈಲ್‌ನಲ್ಲಿ ಇಂಡೆಂಟ್ ಮಾಡೋಕೆ ಟ್ಯಾಬ್ ನಿಷಿದ್ಧ. ಮೇಕ್‌ಫೈಲ್‌ನಲ್ಲಿ ಉಲ್ಟಾ, ಕಮಾಂಡ್ ಸಾಲಿನ ಮೊದಲು ಟ್ಯಾಬ್ ಇರಲೇಬೇಕು, ಸ್ಪೇಸ್ ಹಾಕಿದರೆ 'ಮಿಸ್ಸಿಂಗ್ ಸೆಪರೇಟರ್' ಅನ್ನುತ್ತೆ. ಇದರ ಹಿಂದೆ ಒಂದು ಕಥೆ ಇದೆ. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ 'ಮೇಕ್' ಬರೆದಾಗ, ಸುಲಭ ಅಂತ ಟ್ಯಾಬ್ ನಿಯಮ ಇಟ್ಟರು. ಇದು ಸರಿ ಇಲ್ಲ ಅಂತ ಅನ್ನಿಸುವ ಹೊತ್ತಿಗೆ ಸುಮಾರು ಒಂದು ಡಜನ್ ಜನ ಅದನ್ನು ಬಳಸೋಕೆ ಶುರು ಮಾಡಿದ್ದರು. ಅವರಿಗೆ ತೊಂದರೆ ಆಗದಿರಲಿ ಅಂತ ಬದಲಿಸದೇ ಬಿಟ್ಟರು. ಆ ಹನ್ನೆರಡು ಜನರ ಮೇಲಿನ ದಾಕ್ಷಿಣ್ಯವನ್ನು ಐವತ್ತು ವರ್ಷದಿಂದ ಜಗತ್ತಿನ ಪ್ರೋಗ್ರಾಮರ್‌ಗಳೆಲ್ಲ ಹೊತ್ತುಕೊಂಡಿದ್ದಾರೆ.

ಎಲ್ಲಿ ಬದಲಿಸೋದು?

ವಿಎಸ್ ಕೋಡ್ ಬಳಸ್ತೀರಾದರೆ ಕೆಳಗಿನ ಪಟ್ಟಿಯ ಬಲಗಡೆ ನೋಡಿ. 'ಸ್ಪೇಸಸ್: 4' ಅಂತಲೋ 'ಟ್ಯಾಬ್ ಸೈಜ್: 4' ಅಂತಲೋ ಸಣ್ಣದಾಗಿ ಬರೆದಿರುತ್ತೆ. ಮೊದಲನೆಯದಾದರೆ ಟ್ಯಾಬ್ ಒತ್ತಿದಾಗ ಸ್ಪೇಸ್ ಬೀಳುತ್ತೆ, ಎರಡನೆಯದಾದರೆ ನಿಜವಾದ ಟ್ಯಾಬ್ ಬೀಳುತ್ತೆ. ಅದರ ಮೇಲೆ ಕ್ಲಿಕ್ ಮಾಡಿದರೆ ಬದಲಿಸುವ ಆಯ್ಕೆಗಳೂ, ಇಡೀ ಫೈಲನ್ನು ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವ ಆಯ್ಕೆಗಳೂ ಬರ್ತವೆ. ಸೆಟ್ಟಿಂಗ್ಸ್‌ನಲ್ಲಿ 'ರೆಂಡರ್ ವೈಟ್‌ಸ್ಪೇಸ್' ಅನ್ನೋದನ್ನು 'ಆಲ್' ಮಾಡಿಬಿಟ್ಟರೆ ಸ್ಪೇಸ್ ಇದ್ದಲ್ಲಿ ಚುಕ್ಕಿ, ಟ್ಯಾಬ್ ಇದ್ದಲ್ಲಿ ಬಾಣ ಕಾಣಿಸುತ್ತೆ. ಮೊದಲೆರಡು ದಿನ ಕಣ್ಣಿಗೆ ಕಿರಿಕಿರಿ, ಆಮೇಲೆ ರೂಢಿ.

'ನಾನು ಎರಡು ಅಂತ ಇಟ್ಟಿದ್ದೀನಿ, ಆದರೂ ನಾಲ್ಕೇ ಬರ್ತಿದೆಯಲ್ಲ?' ಅನ್ನೋ ದೂರು ತುಂಬಾ ಸಾಮಾನ್ಯ. ಅದಕ್ಕೆ ಕಾರಣ 'ಡಿಟೆಕ್ಟ್ ಇಂಡೆಂಟೇಶನ್' ಅನ್ನುವ ಇನ್ನೊಂದು ಸೆಟ್ಟಿಂಗ್. ಫೈಲ್ ತೆರೆದ ತಕ್ಷಣ ಅದರಲ್ಲಿ ಈಗಾಗಲೇ ಏನಿದೆ ಅಂತ ನೋಡಿ, ಎಡಿಟರ್ ನಿಮ್ಮ ಆಯ್ಕೆಯನ್ನು ಪಕ್ಕಕ್ಕಿಟ್ಟು ಫೈಲ್‌ನ ರೀತಿಯನ್ನೇ ಹಿಡಿಯುತ್ತೆ. ಸಿಟ್ಟು ಬಂದು ಇದನ್ನು ಆಫ್ ಮಾಡುವವರೇ ಹೆಚ್ಚು. ಇನ್ನೊಬ್ಬರ ಕೋಡ್ ಮೇಲೆ ಕೆಲಸ ಮಾಡುವವರು ಆನ್ ಇಟ್ಟುಕೊಳ್ಳೋದೇ ವಾಸಿ.

ವಿಮ್ ಪ್ರಿಯರಿಗೆ ನಾಲ್ಕು ಹೆಸರು ನೆನಪಿದ್ದರೆ ಸಾಕು. ಟ್ಯಾಬ್‌ಸ್ಟಾಪ್ ಅಂದರೆ ಟ್ಯಾಬ್ ಅಕ್ಷರ ಎಷ್ಟು ಅಗಲ ಕಾಣಬೇಕು, ಸಾಫ್ಟ್‌ಟ್ಯಾಬ್‌ಸ್ಟಾಪ್ ಅಂದರೆ ಕೀ ಒತ್ತಿದಾಗ ಎಷ್ಟು ದೂರ ಹೋಗಬೇಕು, ಶಿಫ್ಟ್‌ವಿಡ್ತ್ ಅಂದರೆ ಸಾಲನ್ನು ಒಳಗೆ ಹೊರಗೆ ತಳ್ಳುವಾಗಿನ ಅಳತೆ, ಎಕ್ಸ್‌ಪ್ಯಾಂಡ್‌ಟ್ಯಾಬ್ ಅಂದರೆ ಟ್ಯಾಬ್ ಬದಲು ಸ್ಪೇಸ್ ಹಾಕು. ಇಮ್ಯಾಕ್ಸ್ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಕೋಡ್ ಬರೆಯುವಾಗ ಸಾಲಿನ ನಡುವೆ ಎಲ್ಲೇ ಇದ್ದು ಟ್ಯಾಬ್ ಒತ್ತಿದರೂ, ಆ ಸಾಲು ಎಲ್ಲಿ ಇರಬೇಕೋ ಅಲ್ಲಿಗೆ ಸರಿದು ಕೂರುತ್ತೆ.

ಇನ್ನು ತಂಡದ ವಿಚಾರ. ಹೊಸದಾಗಿ ಸೇರಿದ ಹುಡುಗನೋ ಹುಡುಗಿಯೋ ಮೂರು ಸಾಲು ತಿದ್ದಿ ಸೇವ್ ಮಾಡ್ತಾರೆ. ಅವರ ಎಡಿಟರ್ ಸದ್ದಿಲ್ಲದೆ ಇಡೀ ಫೈಲ್‌ನ ಟ್ಯಾಬನ್ನೆಲ್ಲ ಸ್ಪೇಸ್ ಮಾಡಿಬಿಡುತ್ತೆ. ರಿವ್ಯೂ ಮಾಡುವ ಸೀನಿಯರ್‌ಗೆ ಎಂಟುನೂರು ಸಾಲು ಬದಲಾದ ಹಾಗೆ ಕಾಣುತ್ತೆ, ನಿಜವಾದ ಮೂರು ಸಾಲು ಅದರಲ್ಲಿ ಕಳೆದುಹೋಗುತ್ತೆ. ಆರು ತಿಂಗಳಾದ ಮೇಲೆ 'ಈ ಸಾಲು ಯಾರು ಬರೆದದ್ದು, ಯಾಕೆ?' ಅಂತ ಗಿಟ್ ಬ್ಲೇಮ್ ಕೇಳಿದರೆ ಎಲ್ಲಾ ಸಾಲಿಗೂ ಆ ಹೊಸಬರ ಹೆಸರೇ ಬರುತ್ತೆ, ಪಾಪ. ಖಾಲಿ ಜಾಗದ ಬದಲಾವಣೆ ಲೆಕ್ಕಿಸಬೇಡ ಅನ್ನೋಕೆ ಗಿಟ್ ಡಿಫ್, ಗಿಟ್ ಬ್ಲೇಮ್ ಎರಡಕ್ಕೂ ಮೈನಸ್ ಡಬ್ಲ್ಯೂ ಅನ್ನುವ ಆಯ್ಕೆ ಕೊಡಬಹುದು. ಆದರೆ ಅದು ಆಮೇಲಿನ ಮದ್ದು. ಮೊದಲೇ ಮಾಡಬೇಕಾದ್ದು, ಪ್ರಾಜೆಕ್ಟ್‌ನ ಬೇರಿನ ಫೋಲ್ಡರ್‌ನಲ್ಲಿ 'ಎಡಿಟರ್‌ಕಾನ್ಫಿಗ್' ಎಂಬ ಪುಟ್ಟ ಫೈಲ್ (ಹೆಸರಿನ ಮೊದಲು ಒಂದು ಚುಕ್ಕಿ ಇರಬೇಕು). ಪೈಥಾನ್ ಫೈಲ್‌ಗೆ ನಾಲ್ಕು ಸ್ಪೇಸ್, ಯಾಮೆಲ್‌ಗೆ ಎರಡು, ಮೇಕ್‌ಫೈಲ್‌ಗೆ ಟ್ಯಾಬ್ ಅಂತ ಅದರಲ್ಲಿ ಬರೆದಿಟ್ಟರೆ ಯಾರ ಎಡಿಟರ್ ಯಾವುದಾದರೂ ಅದನ್ನೇ ಪಾಲಿಸುತ್ತೆ. ವಿಎಸ್ ಕೋಡ್‌ಗೆ ಒಂದು ಎಕ್ಸ್‌ಟೆನ್ಶನ್ ಹಾಕಿಕೊಳ್ಳಬೇಕು, ಜೆಟ್‌ಬ್ರೈನ್ಸ್ ಎಡಿಟರ್‌ಗಳಿಗೆ ಅದೂ ಬೇಡ.

ಕಣ್ಣಿಂದ ಓದದವರಿಗೆ

ಟ್ಯಾಬೋ ಸ್ಪೇಸೋ ಅನ್ನೋದು ಬರೀ ಅಭಿರುಚಿ ಅಂತ ಬಹಳ ಜನ ಅಂದುಕೊಂಡಿದ್ದಾರೆ. ದೃಷ್ಟಿದೋಷ ಇರುವ ಸಹೋದ್ಯೋಗಿ ಪಕ್ಕದಲ್ಲಿ ಕೂತರೆ ಈ ಮಾತು ಅಷ್ಟು ಸಲೀಸಾಗಿ ಬರಲ್ಲ.

ಬ್ರೈಲ್ ಡಿಸ್‌ಪ್ಲೇ ನೋಡಿದ್ದೀರಾ? ಕೀಬೋರ್ಡ್ ಕೆಳಗೆ ಇಟ್ಟುಕೊಳ್ಳುವ ಪಟ್ಟಿಯಂಥ ಸಾಧನ. ಸಣ್ಣ ಸಣ್ಣ ಮೊಳೆಗಳು ಎದ್ದು ಇಳಿದು ಅಕ್ಷರ ಮೂಡಿಸ್ತವೆ, ಬೆರಳಿಂದ ಓದಬೇಕು. ಇದು ದುಬಾರಿ ಸಾಧನ, ಸಾಮಾನ್ಯವಾಗಿ ಸಿಗುವ ಒಂದರಲ್ಲಿ ಒಂದು ಸಲಕ್ಕೆ 40 ಅಕ್ಷರಕ್ಕಷ್ಟೇ ಜಾಗ. ಮೂರು ಹಂತ ಒಳಗಿರುವ ಕೋಡ್ ಸಾಲು, ಹಂತಕ್ಕೆ ನಾಲ್ಕು ಸ್ಪೇಸ್‌ನಂತೆ, ಮೊದಲ 12 ಜಾಗವನ್ನು ಖಾಲಿಯಾಗಿಯೇ ತಿಂದುಬಿಡುತ್ತೆ. ಅದೇ ಟ್ಯಾಬ್ ಆಗಿದ್ದರೆ ಒಂದೊಂದಕ್ಕೂ ಒಂದೇ ಜಾಗ ಸಾಕಾಗುವಂತೆ ಇಟ್ಟುಕೊಳ್ಳಬಹುದು. ಕಡಿಮೆ ದೃಷ್ಟಿ ಇದ್ದು ಅಕ್ಷರವನ್ನು ಬಹಳ ದೊಡ್ಡದು ಮಾಡಿ ಓದುವವರದ್ದೂ ಹೆಚ್ಚು ಕಡಿಮೆ ಇದೇ ಪಾಡು, ಕೋಡ್ ಪರದೆಯ ಬಲಗಡೆಗೆ ಜಾರಿ ಹೋಗುತ್ತೆ. ಇನ್ನು ಕೆಲವರಿಗೆ ಉಲ್ಟಾ, ಅಂತರ ಅಗಲವಾಗಿದ್ದರೇನೇ ಹಂತ ಗೊತ್ತಾಗೋದು. ಎನ್‌ವಿಡಿಎ ಸ್ಕ್ರೀನ್ ರೀಡರ್‌ನಲ್ಲಿ ಇಂಡೆಂಟ್ ಎಷ್ಟಿದೆ ಅನ್ನೋದನ್ನು ಮಾತಿನಲ್ಲೋ, ಏರಿಳಿಯುವ ಶಬ್ದದಲ್ಲೋ ಕೇಳಿಸಿಕೊಳ್ಳುವ ಸೌಲಭ್ಯವೂ ಇದೆ.

ಟ್ಯಾಬ್ ಹಾಕಿದ ಫೈಲ್ ಆದರೆ ಅದೇ ಫೈಲನ್ನು ಒಬ್ಬರು ಒಂದರ ಅಗಲಕ್ಕೆ, ಇನ್ನೊಬ್ಬರು ಎಂಟರ ಅಗಲಕ್ಕೆ ಇಟ್ಟು ಓದಬಹುದು, ಫೈಲ್‌ನಲ್ಲಿ ಒಂದಕ್ಷರವೂ ಬದಲಾಗಲ್ಲ. ಸ್ಪೇಸ್ ಆದರೆ ಬರೆದವರು ಇಟ್ಟ ಅಗಲವೇ ಎಲ್ಲರಿಗೂ. ಹಾಗಂತ ನಡೆಯುತ್ತಿರುವ ಪ್ರಾಜೆಕ್ಟ್‌ಗೆ ನುಗ್ಗಿ ಎಲ್ಲವನ್ನೂ ಟ್ಯಾಬ್ ಮಾಡಿ ಅಂತ ನಾನು ಹೇಳಲ್ಲ, ಪೈಥಾನ್‌ನಂಥ ಕಡೆ ನಾಲ್ಕು ಸ್ಪೇಸ್ ಗಟ್ಟಿಯಾಗಿ ಬೇರೂರಿದೆ. ಹೊಸ ಪ್ರಾಜೆಕ್ಟ್ ಶುರು ಮಾಡ್ತಿದ್ದರೆ, ಭಾಷೆಯ ರೂಢಿ ಅಡ್ಡ ಬರದಿದ್ದರೆ, ನನ್ನ ಓಟು ಟ್ಯಾಬ್‌ಗೆ. ಜಾವಾಸ್ಕ್ರಿಪ್ಟ್ ಬರೆಯುವವರು ಬಳಸುವ ಪ್ರೆಟಿಯರ್‌ನಲ್ಲಿ ಡೀಫಾಲ್ಟ್ ಎರಡು ಸ್ಪೇಸ್. 'ಯೂಸ್ ಟ್ಯಾಬ್ಸ್' ಅನ್ನೋದನ್ನು ಆನ್ ಮಾಡಿದರೆ ಮುಗೀತು.

ಟ್ಯಾಬ್‌ಗೆ ಬಂದ ಹೊಸ ಕೆಲಸ

2021ರಲ್ಲಿ ಗಿಟ್‌ಹಬ್ ಕೋಪೈಲಟ್ ಬಂದ ಮೇಲೆ ಈ ಕೀಗೆ ಇನ್ನೊಂದು ಹೊಣೆ ಬಿದ್ದಿದೆ. ಎಐ ಬೂದು ಬಣ್ಣದಲ್ಲಿ ಮುಂದಿನ ಸಾಲುಗಳನ್ನು ತೋರಿಸುತ್ತೆ, ಟ್ಯಾಬ್ ಒತ್ತಿದರೆ ಅದು ನಿಮ್ಮ ಕೋಡ್ ಆಗಿಬಿಡುತ್ತೆ. ಸಾಲನ್ನು ಒಳಗೆ ತಳ್ಳೋಣ ಅಂತ ಒತ್ತಿದ ಬೆರಳು, ಓದದೇ ಇರುವ ಇಪ್ಪತ್ತು ಸಾಲಿಗೆ ಸಹಿ ಹಾಕಿದ ಹಾಗೆ. ಜಾಗ ತುಂಬೋಕೆ ಇದ್ದ ಕೀ ಈಗ 'ಒಪ್ಪಿದೆ' ಅನ್ನುವ ಕೀ ಆಗಿದೆ, ಎರಡೂ ಒಂದೇ ಬೆರಳಿಗೆ.

ಇದನ್ನೂ ಬದಲಿಸಬಹುದು. ಕಂಟ್ರೋಲ್ ಕೆ, ಕಂಟ್ರೋಲ್ ಎಸ್ ಒಂದರ ಹಿಂದೆ ಒಂದು ಒತ್ತಿದರೆ ವಿಎಸ್ ಕೋಡ್‌ನ ಕೀಬೋರ್ಡ್ ಶಾರ್ಟ್‌ಕಟ್ ಪಟ್ಟಿ ತೆರೆಯುತ್ತೆ. 'ಇನ್‌ಲೈನ್ ಸಜೆಸ್ಟ್' ಅಂತ ಹುಡುಕಿ, 'ಕಮಿಟ್' ಅನ್ನೋದಕ್ಕೆ ಇರುವ ಟ್ಯಾಬ್ ತೆಗೆದು ಬೇರೆ ಕೀ ಜೋಡಿ ಕೊಡಿ. ಸ್ವಲ್ಪ ಕಷ್ಟಪಟ್ಟು ಒತ್ತಬೇಕಾದ ಜೋಡಿಯನ್ನೇ ಆರಿಸಿ, ಒತ್ತುವ ಮುಂಚೆ ಕಣ್ಣಾಡಿಸೋಕೆ ಅರ್ಧ ಸೆಕೆಂಡ್ ಸಿಗುತ್ತೆ. ಅಷ್ಟು ಬೇಡ ಅನ್ನುವವರು ಕಂಟ್ರೋಲ್ ಜೊತೆ ಬಲಬಾಣ (ಮ್ಯಾಕ್‌ನಲ್ಲಿ ಕಮಾಂಡ್ ಜೊತೆ) ಒತ್ತಿ ಸಲಹೆಯನ್ನು ಒಂದೊಂದೇ ಪದವಾಗಿ ತೆಗೆದುಕೊಳ್ಳಬಹುದು. ನಾಲ್ಕು ಪದ ಸರಿ ಇದ್ದು ಐದನೆಯದು ತಪ್ಪಿದ್ದರೆ ಅಲ್ಲೇ ನಿಲ್ಲಿಸಬಹುದು.

ಇನ್ನೊಂದೇ ವಿಷಯ. ಒಂದು ದಿನ ಇದ್ದಕ್ಕಿದ್ದಂತೆ ಟ್ಯಾಬ್ ಒತ್ತಿದರೆ ಇಂಡೆಂಟ್ ಆಗೋದೇ ಇಲ್ಲ, ಕರ್ಸರ್ ಎಡಿಟರ್ ಬಿಟ್ಟು ಎಲ್ಲೋ ಬಟನ್ ಮೇಲೆ ಹೋಗಿ ಕೂರುತ್ತೆ. ಕೀಬೋರ್ಡ್ ಕೆಟ್ಟಿತು ಅಂತ ಐಟಿ ಟೀಮ್‌ಗೆ ಟಿಕೆಟ್ ಹಾಕೋಕೆ ಮುಂಚೆ ಕೆಳಗಿನ ಪಟ್ಟಿ ನೋಡಿ. 'ಟ್ಯಾಬ್ ಮೂವ್ಸ್ ಫೋಕಸ್' ಅಂತ ಬರೆದಿದ್ದರೆ, ಗೊತ್ತಿಲ್ಲದೇ ಕಂಟ್ರೋಲ್ ಎಂ ಒತ್ತಿದ್ದೀರಿ. ಮೌಸ್ ಬಳಸೋಕೆ ಆಗದವರಿಗೆ ಎಡಿಟರ್‌ನಿಂದ ಹೊರಬರೋಕೆ ಟ್ಯಾಬ್ ಬೇಕು. ಎಡಿಟರ್ ಅದನ್ನೂ ನುಂಗಿಬಿಟ್ಟರೆ ಅವರು ಒಳಗೇ ಸಿಕ್ಕಿಬೀಳ್ತಾರೆ, ಅದಕ್ಕೆಂದೇ ಇಟ್ಟ ಬಾಗಿಲು ಇದು. ನಿಮ್ಮ ಹಳೆಯ ಟ್ಯಾಬ್ ವಾಪಸ್ ಬೇಕಾದರೆ ಕಂಟ್ರೋಲ್ ಎಂ ಇನ್ನೊಂದು ಸಲ ಒತ್ತಿ. ಮ್ಯಾಕ್‌ನಲ್ಲಾದರೆ ಜೊತೆಗೆ ಶಿಫ್ಟ್ ಕೂಡ.