ಪೆಟ್ಟಿಗೆಗೆ ತುಂಬಲಾಗದ ಗಾಳಿ

ಸರ್ವೈವಲ್ ಗೇಮ್ ಆಡಿದವರಿಗೆ ಅದರ ಮೊದಲ ಅರ್ಧ ಗಂಟೆ ಚೆನ್ನಾಗಿ ಗೊತ್ತು. ಬರಿಗೈಯಲ್ಲಿ ಯಾವುದೋ ಕಾಡಿನ ನಡುವೆ ಎಚ್ಚರವಾಗುತ್ತದೆ. ಕಲ್ಲು ಆಯ್ದು, ಕೋಲು ಮುರಿದು, ಎರಡನ್ನೂ ಬಿಗಿದು ಕೊಡಲಿ ಮಾಡಿಕೊಳ್ಳಬೇಕು. ಕತ್ತಲಾಗುವುದರೊಳಗೆ ನಾಲ್ಕು ಗೋಡೆ, ಮೇಲೊಂದು ಸೂರು, ಮೂಲೆಯಲ್ಲೊಂದು ಮರದ ಪೆಟ್ಟಿಗೆ ಸಿದ್ಧವಾಗಬೇಕು. ಆ ಪೆಟ್ಟಿಗೆಯೇ ಈ ಬಗೆಯ ಆಟಗಳ ಜೀವಾಳ. ಮರ, ಅದಿರು, ಚರ್ಮ, ಕಾಳು, ಬೇಯಿಸಿದ ಮಾಂಸ ಎಲ್ಲವೂ ಅದರೊಳಗೆ ಬೀಳುತ್ತವೆ. ತುಂಬಿದರೆ ಪಕ್ಕದಲ್ಲಿ ಇನ್ನೊಂದು. ಕೆಲವು ದಿನ ಆಡುವಷ್ಟರಲ್ಲಿ ಹಸಿವು, ಚಳಿ ಎರಡೂ ಹೆದರಿಸುವುದನ್ನು ಬಿಡುತ್ತವೆ. ಕಾಡು ಉಗ್ರಾಣವಾಗಿಬಿಡುತ್ತದೆ.

ಗಾಳಿ ಮಾತ್ರ ಈ ಉಗ್ರಾಣಕ್ಕೆ ಬರುವುದಿಲ್ಲ. ಅದನ್ನು ಕಡಿಯಲಾಗದು, ಅಗೆಯಲಾಗದು, ನಾಳೆಗೆಂದು ಎತ್ತಿಡಲಾಗದು. ಬೀಸಿದಾಗ ಬಳಸಬೇಕು, ಬೀಸದಿದ್ದರೆ ಕಾಯಬೇಕು, ಎದುರಿಗೆ ಬೀಸಿದರೆ ದಾರಿ ಬದಲಿಸಬೇಕು. ಕೂಡಿಡುವುದನ್ನೇ ಕಲಿಸುವ ಆಟದೊಳಗೆ ಕೂಡಿಡಲಾಗದ್ದೊಂದನ್ನು ತಂದರೆ ಆಟಗಾರನಿಗೂ ಆ ಲೋಕಕ್ಕೂ ಇರುವ ಸಂಬಂಧವೇ ಬೇರೆಯಾಗುತ್ತದೆ. ಇಂಥ ಆಟಕ್ಕೆ ಹೊಸದಾಗಿ ಏನು ಸೇರಿಸಬೇಕು ಎಂದು ಯಾರಾದರೂ ಕೇಳಿದರೆ, ಹೊಸ ಆಯುಧ, ಹೊಸ ರಾಕ್ಷಸರಿಗಿಂತ ಮೊದಲು ಗಾಳಿ ಎಂದು ನಾನು ಹೇಳುವುದು ಇದಕ್ಕೇ.

ನನ್ನ ಮಾತಿಗೆ ಸಿಗುವ ಒಳ್ಳೆಯ ಸಾಕ್ಷಿ ‘ವಾಲ್‌ಹೈಮ್’. ಸ್ವೀಡನ್ನಿನ ಶೋವ್ಡೆ ಎಂಬ ಸಣ್ಣ ಊರಿನ ಐರನ್ ಗೇಟ್ ಸ್ಟುಡಿಯೋ 2021ರ ಫೆಬ್ರವರಿಯಲ್ಲಿ, ಪೂರ್ತಿಯಾಗುವ ಮೊದಲೇ, ಅದನ್ನು ಅರ್ಲಿ ಆಕ್ಸೆಸ್‌ಗೆ ಬಿಟ್ಟಾಗ ತಂಡದಲ್ಲಿದ್ದವರು ಐದೇ ಮಂದಿ. ಸುಮಾರು ಒಂದು ತಿಂಗಳಲ್ಲಿ 50 ಲಕ್ಷ ಪ್ರತಿಗಳು ಹೋದವು. ವೈಕಿಂಗ್ ಪುರಾಣದ ದ್ವೀಪಲೋಕ ಅದು. ಅಲ್ಲಿ ಒಂದು ದ್ವೀಪದಿಂದ ಇನ್ನೊಂದಕ್ಕೆ ಕ್ಷಣದಲ್ಲಿ ದಾಟಿಸುವ ಮಾಯಾದ್ವಾರಗಳನ್ನು ಕಟ್ಟಿಕೊಳ್ಳಬಹುದು. ಆದರೆ ಒಂದು ಕಟ್ಟುಪಾಡು ಇದೆ: ಸಾಮಾನ್ಯ ನಿಯಮಗಳಲ್ಲಿ ಆಡುವಾಗ ತಾಮ್ರ, ತವರ, ಕಬ್ಬಿಣ, ಬೆಳ್ಳಿ ಸಾಮಾನ್ಯ ದ್ವಾರದಲ್ಲಿ ದಾಟುವುದಿಲ್ಲ. ದೂರದ ಜೌಗಿನಲ್ಲಿ ಅಗೆದ ಕಬ್ಬಿಣವನ್ನು ಮನೆಗೆ ತರಬೇಕೆಂದರೆ ಹಡಗಿಗೆ ಹೇರಿ ಸಮುದ್ರ ದಾಟಿಸಬೇಕು. ಹಡಗು ನಡೆಯುವುದು ಹಾಯಿಯಿಂದ. ಹಾಯಿ ಉಬ್ಬುವುದು ಗಾಳಿಯಿಂದ. ಗಾಳಿಯ ದಿಕ್ಕನ್ನು ತೋರಿಸುವ ಪುಟ್ಟ ಗುರುತೊಂದು ನಕ್ಷೆಯ ಬಳಿ ಸದಾ ತಿರುಗುತ್ತಿರುತ್ತದೆ.

ಈ ಕಟ್ಟುಪಾಡು ಇಲ್ಲದಿದ್ದರೆ ಅಲ್ಲಿನ ಗಾಳಿ ಬರೀ ಅಲಂಕಾರವಾಗುತ್ತಿತ್ತು. ಲೋಹ ದಾಟದು ಎಂಬ ಒಂದೇ ನಿಯಮದಿಂದ ಗಾಳಿಗೆ ತೂಕ ಬಂದಿದೆ. ಹಡಗಿನ ಮೂತಿಗೆ ನೇರವಾಗಿ ಬೀಸಿದರೆ ಹಾಯಿ ಕೆಲಸಕ್ಕೆ ಬಾರದು. ಆಗ ಹುಟ್ಟು ಹಾಕುತ್ತ ನಿಧಾನವಾಗಿ ಸಾಗಬೇಕು, ಇಲ್ಲವೇ ಗಾಳಿಗೆ ಓರೆಯಾಗಿ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಅಂಕುಡೊಂಕು ದಾರಿ ಹಿಡಿಯಬೇಕು. ಬಿರುಗಾಳಿ ಎದ್ದರೆ ಅಲೆಗಳೂ ಏಳುತ್ತವೆ, ಹಡಗಿನ ವೇಗವೂ ಏರುತ್ತದೆ. ಹೊಟ್ಟೆಯಲ್ಲಿ ಕಬ್ಬಿಣ, ಹಿಂದೆ ಸಮುದ್ರಸರ್ಪ, ಮುಂದೆ ಎದುರುಗಾಳಿ ಇರುವ ರಾತ್ರಿಯಲ್ಲಿ ಆಟಗಾರ ಚುಕ್ಕಾಣಿ ಹಿಡಿದು ಮಾಡುವ ತೀರ್ಮಾನಗಳು ಯಾವ ಖಡ್ಗಯುದ್ಧಕ್ಕೂ ಕಡಿಮೆಯಲ್ಲ. ನಿಜವಾದ ವೈಕಿಂಗ್ ಹಡಗಿಗಿದ್ದದ್ದೂ ಒಂದೇ ಚೌಕದ ಹಾಯಿ. 1880ರಲ್ಲಿ ನಾರ್ವೆಯ ಗೋಕ್‌ಸ್ಟಾಡ್‌ನಲ್ಲಿ ಸಮಾಧಿ ದಿಬ್ಬವನ್ನು ಅಗೆದಾಗ ಅಂಥದೊಂದು ಹಡಗು ಸಿಕ್ಕಿತು; ಅದೇ ಮಾದರಿಯಲ್ಲಿ ಕಟ್ಟಿದ ಹಡಗು 1893ರಲ್ಲಿ ಅಟ್ಲಾಂಟಿಕ್ ದಾಟಿ ಷಿಕಾಗೋದ ವಿಶ್ವಮೇಳಕ್ಕೆ ಹೋಗಿ ತಲುಪಿತು. ಹಿಂದಿನಿಂದ ಗಾಳಿ ಬಂದರೆ ಚೌಕದ ಹಾಯಿಯನ್ನು ಮೀರಿಸುವುದು ಕಷ್ಟ. ನೇರ ಎದುರಿನಿಂದ ಬಂದರೆ ಹುಟ್ಟು, ಇಲ್ಲವೇ ಅಂಕುಡೊಂಕು ದಾರಿಯೇ ಗತಿ. ಆಟದ ನಿಯಮಕ್ಕೆ ಇತಿಹಾಸದ ಬೆನ್ನಾಸರೆ ಇದೆ.

ಅದೇ ಗಾಳಿ ದಡದ ಮೇಲೂ ಬೀಸುತ್ತದೆ. ಬಯಲುಸೀಮೆಯಲ್ಲಿ ಬೆಳೆದ ಬಾರ್ಲಿಯನ್ನು ಹಿಟ್ಟು ಮಾಡುವ ಗಾಳಿಗಿರಣಿಯ ರೆಕ್ಕೆ ಗಾಳಿಯ ಬಿರುಸಿಗೆ ತಕ್ಕಂತೆ ತಿರುಗುತ್ತದೆ. ಗಾಳಿ ಸತ್ತ ದಿನ ರೊಟ್ಟಿ ತಡವಾಗುತ್ತದೆ. ಸಮುದ್ರದಲ್ಲೊಂದು ಗಾಳಿ, ಗಿರಣಿಗೊಂದು ಗಾಳಿ, ಹುಲ್ಲಿಗೊಂದು ಗಾಳಿ ಎಂದು ಬೇರೆ ಬೇರೆ ಇಲ್ಲದಿರುವುದೇ ಇಲ್ಲಿನ ಹೆಚ್ಚುಗಾರಿಕೆ. ಗಾಳಿಯನ್ನು ಆಟಕ್ಕೆ ತರುವವರು ಮೊದಲು ಗಟ್ಟಿ ಮಾಡಿಕೊಳ್ಳಬೇಕಾದದ್ದು ಇದನ್ನೇ. ಹೊಗೆ ಒಂದು ಕಡೆ ಬಾಗಿ ಬಾವುಟ ಇನ್ನೊಂದು ಕಡೆ ಹಾರಿದರೆ ಆಟಗಾರ ಎರಡನ್ನೂ ನಂಬುವುದಿಲ್ಲ.

ಇದರ ಪಕ್ಕದಲ್ಲಿಟ್ಟು ‘ಮೈನ್‌ಕ್ರಾಫ್ಟ್’ ನೋಡಿ. ಅಲ್ಲಿ ಮೋಡಗಳು ಸದಾ ಪಶ್ಚಿಮಕ್ಕೇ ತೇಲುತ್ತವೆ, ಆದರೂ ಗಾಳಿ ಇಲ್ಲ. ‘ಕ್ರಿಯೇಟ್’ ಎಂಬ ಹೆಸರುವಾಸಿ ಮಾಡ್ (ಆಟಕ್ಕೆ ಹೊರಗಿನವರು ಕಟ್ಟಿದ ಸೇರ್ಪಡೆ) ಹಾಕಿಕೊಂಡರೆ ಸೊಗಸಾದ ಗಾಳಿಗಿರಣಿಗಳನ್ನು ಕಟ್ಟಬಹುದು, ಆದರೆ ಅವು ತಿರುಗುವ ವೇಗ ರೆಕ್ಕೆಗಳ ಸಂಖ್ಯೆಗೆ ತಕ್ಕಂತೆ, ಗಾಳಿಗೆ ತಕ್ಕಂತಲ್ಲ. 2024ರ ಜೂನ್‌ನಲ್ಲಿ ಬಂದ 1.21 ಆವೃತ್ತಿ ‘ಬ್ರೀಜ್’ ಎಂಬ ಜೀವಿಯನ್ನೂ ‘ವಿಂಡ್ ಚಾರ್ಜ್’ ಎಂಬ ಗಾಳಿಗುಂಡನ್ನೂ ತಂದಿತು. ಎಸೆದರೆ ಸಿಡಿದು ಎತ್ತರಕ್ಕೆ ಚಿಮ್ಮಿಸುವ ಈ ಗುಂಡು ಆಡಲು ಖುಷಿಯಾಗಿದೆ. ಆದರೆ ಅದು ಮತ್ತೆ ಪೆಟ್ಟಿಗೆಯೊಳಗೆ ಹೋಗುವ ವಸ್ತುವೇ. ಗಾಳಿಯನ್ನೂ ಎಣಿಸಿ ಪೇರಿಸಿಡುವಂತೆ ಮಾಡಿದಾಗ ಗಾಳಿಯ ಗುಣವೇ ಹೊರಟುಹೋಗುತ್ತದೆ.

ಚಳಿನಾಡಿನ ಗಾಳಿಯ ಕಥೆ ಬೇರೆ. ಕೆನಡಾದ ಹಿಂಟರ್‌ಲ್ಯಾಂಡ್ ಸ್ಟುಡಿಯೋ 2014ರಲ್ಲಿ ಅರ್ಲಿ ಆಕ್ಸೆಸ್‌ಗೆ ತಂದು 2017ರಲ್ಲಿ ಪೂರ್ಣವಾಗಿ ಬಿಡುಗಡೆ ಮಾಡಿದ ‘ದಿ ಲಾಂಗ್ ಡಾರ್ಕ್’ನಲ್ಲಿ ದೆವ್ವವಿಲ್ಲ, ಜಾಂಬಿಯಿಲ್ಲ. ಹಿಮ, ತೋಳ, ಕರಡಿ, ಹಸಿವು, ಇವೆಲ್ಲದರ ಮೇಲೆ ಬೀಸುವ ಗಾಳಿ. ಪ್ರತಿ ಬಟ್ಟೆಗೂ ಬಿಸುಪಿನ ಅಂಕಿ ಒಂದು, ಗಾಳಿ ತಡೆಯುವ ಅಂಕಿ ಇನ್ನೊಂದು. ದಪ್ಪ ಉಣ್ಣೆಯ ಸ್ವೆಟರ್ ಬೆಚ್ಚಗಿದ್ದರೂ ಮೇಲೊಂದು ಗಾಳಿತಡೆಯ ಅಂಗಿ ಇಲ್ಲದಿದ್ದರೆ ಬಯಲಿನಲ್ಲಿ ಉಳಿಗಾಲವಿಲ್ಲ. ಇದು ಲೆಕ್ಕಕ್ಕೂ ಹೊಂದುವ ಮಾತು. ಸಂಶೋಧಕರಾದ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ 1940ರ ದಶಕದ ಆರಂಭದಲ್ಲಿ ಅಂಟಾರ್ಕ್ಟಿಕಾದಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಡಬ್ಬಿ ಗಾಳಿಗೆ ಎಷ್ಟು ಬೇಗ ಹೆಪ್ಪುಗಟ್ಟುತ್ತದೆಂದು ಅಳೆದು ಗಾಳಿಚಳಿಯ ಲೆಕ್ಕಕ್ಕೆ ತಳಹದಿ ಹಾಕಿದರು. ಅಮೆರಿಕ, ಕೆನಡಾಗಳು 2001ರಲ್ಲಿ ಒಪ್ಪಿಕೊಂಡ ಈಗಿನ ಸೂತ್ರದಂತೆ ಮೈನಸ್ 20 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 33ರಷ್ಟು ಚಳಿ.

ಆ ಆಟದಲ್ಲಿ ನನ್ನನ್ನು ಹಿಡಿದಿಟ್ಟದ್ದು ಬೆಂಕಿ. ಬಯಲಿನಲ್ಲಿ ಕಷ್ಟಪಟ್ಟು ಹೊತ್ತಿಸಿದ ಬೆಂಕಿಯನ್ನು ಗಾಳಿ ಆರಿಸಬಲ್ಲದು. ಹಾಗಾಗಿ ದೊಡ್ಡ ಬಂಡೆಯ ಮರೆ, ಗವಿಯ ಬಾಯಿ, ಮುರಿದ ಗುಡಿಸಿಲ ಗೋಡೆ ಹುಡುಕುತ್ತೀರಿ. ಮರೆಯಲ್ಲಿ ಉರಿ ಹತ್ತಿ, ಕೈ ಬೆಚ್ಚಗಾಗಿ, ಹಿಮ ಕರಗಿಸಿ ನೀರು ಕಾಯಿಸುತ್ತಿರುವಾಗ ಗಾಳಿ ದಿಕ್ಕು ತಿರುಗಿಸುತ್ತದೆ. ನಿನ್ನೆಯವರೆಗೆ ಬರೀ ಕಲ್ಲಾಗಿದ್ದ ಬಂಡೆ ಇಂದು ಆಸರೆ, ನಾಳೆ ಮತ್ತೆ ಬರೀ ಕಲ್ಲು. ಹೊಸ ನಕ್ಷೆ ಬರೆಯದೆ, ಹೊಸ ಶತ್ರುವನ್ನು ಸೃಷ್ಟಿಸದೆ ಇದ್ದ ಜಾಗಕ್ಕೇ ಹೊಸ ಅರ್ಥ ಕೊಡುವ ಶಕ್ತಿ ಇದು.

ಇದನ್ನೆಲ್ಲ ಕಂಪ್ಯೂಟರಿನೊಳಗೆ ಮಾಡುವುದು ಹೇಗೆ? ನಿಜವಾದ ಗಾಳಿ ದ್ರವಚಲನೆಯ ಗಣಿತ. ಮನೆ, ಮರ, ಗುಡ್ಡವನ್ನೆಲ್ಲ ಸುತ್ತಿ ಹರಿಯುವ ಅದನ್ನು ಪೂರ್ತಿಯಾಗಿ ಲೆಕ್ಕ ಹಾಕುವಷ್ಟು ಬಿಡುವು ಆಟಕ್ಕಿಲ್ಲ. ಸೆಕೆಂಡಿಗೆ 60 ಚಿತ್ರ ತೋರಿಸಬೇಕಾದ ಆಟಕ್ಕೆ ಒಂದು ಚಿತ್ರಕ್ಕೆ ಸಿಗುವುದು 17 ಮಿಲಿಸೆಕೆಂಡಿಗಿಂತ ಕಡಿಮೆ, ಅದರೊಳಗೆ ಬೆಳಕು, ನೆರಳು, ಶತ್ರುಗಳ ಬುದ್ಧಿ ಎಲ್ಲವೂ ಮುಗಿಯಬೇಕು. ಗ್ರಾಫಿಕ್ಸ್ ಸಂಶೋಧಕ ಜೋಸ್ ಸ್ಟಾಮ್ 1999ರಲ್ಲಿ ಪ್ರಕಟಿಸಿದ ವಿಧಾನ ಆಟಗಳಲ್ಲಿ ದ್ರವಚಲನೆಗೆ ದಾರಿ ತೆರೆಯಿತಾದರೂ ಇಡೀ ದ್ವೀಪಲೋಕಕ್ಕೆ ಅದು ದುಬಾರಿ. ಆದ್ದರಿಂದ ಹೆಚ್ಚಿನವರು ಹಿಡಿಯುವುದು ಸುಲಭದ ದಾರಿ. ಇಡೀ ಲೋಕಕ್ಕೆ ಒಂದು ದಿಕ್ಕು, ಒಂದು ಬಿರುಸು. ಅದರ ಮೇಲೆ ಬೀಸುಗಳ ಏರಿಳಿತಕ್ಕೆ ಪರ್ಲಿನ್ ನಾಯ್ಸ್‌ನಂಥ ಗಣಿತ. ಕೆನ್ ಪರ್ಲಿನ್ 1980ರ ದಶಕದ ಆರಂಭದಲ್ಲಿ ರೂಪಿಸಿದ, ಮುಂದೆ 1997ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯನ್ನೂ ಪಡೆದ ಈ ಲೆಕ್ಕ ಪೂರ್ತಿ ಕ್ರಮವೂ ಅಲ್ಲದ, ಪೂರ್ತಿ ಅಡ್ಡಾದಿಡ್ಡಿಯೂ ಅಲ್ಲದ ಏರಿಳಿತವನ್ನು ಕೊಡುತ್ತದೆ. ಲೋಕವನ್ನು ಹುಟ್ಟಿಸುವ ಬೀಜಸಂಖ್ಯೆ ಮತ್ತು ಆಟದ ಗಡಿಯಾರ ಎರಡರಿಂದಲೇ ಗಾಳಿಯನ್ನು ಹುಟ್ಟಿಸಿದರೆ ಬೇರೆ ಬೇರೆ ಊರಿನಲ್ಲಿ ಕುಳಿತು ಒಟ್ಟಿಗೆ ಆಡುವ ಗೆಳೆಯರೆಲ್ಲರ ಪರದೆಯ ಮೇಲೂ ಒಂದೇ ಹೊತ್ತಿಗೆ ಒಂದೇ ಗಾಳಿ ಬೀಸುತ್ತದೆ, ಗಾಳಿಗಾಗಿ ಇಂಟರ್ನೆಟ್ಟಿನಲ್ಲಿ ಬೇರೇನನ್ನೂ ಕಳಿಸಬೇಕಾಗಿಲ್ಲ.

ಮರೆಯ ಲೆಕ್ಕ ಇನ್ನೂ ಸರಳ. ಆಟಗಾರ ನಿಂತ ಜಾಗದಿಂದ ಗಾಳಿ ಬರುವ ದಿಕ್ಕಿಗೆ ಕಾಣದ ಕೆಲವು ಗೆರೆಗಳನ್ನು ಎಸೆದು, ಎಷ್ಟು ಗೆರೆಗಳು ಗೋಡೆಗೋ ಬಂಡೆಗೋ ತಾಗುತ್ತವೆ ಎಂದು ನೋಡಿದರೆ ಸಾಕು. ಹುಲ್ಲು ಬಾಗಿಸುವ ಕೆಲಸ ಗ್ರಾಫಿಕ್ಸ್ ಕಾರ್ಡಿನದು. ಇಷ್ಟರಲ್ಲೇ ಐದು ಮಂದಿಯ ತಂಡಕ್ಕೂ ನಂಬಿಸುವಂಥ ಗಾಳಿ ಸಾಧ್ಯ.

ಕಷ್ಟವಿರುವುದು ಹದದಲ್ಲಿ. ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ಚಿತ್ರದುರ್ಗ, ಗದಗದ ಗುಡ್ಡಸಾಲುಗಳ ನೆತ್ತಿಯಲ್ಲಿ ಅಷ್ಟೆತ್ತರದ ಗಾಳಿಯಂತ್ರಗಳನ್ನು ನಿಲ್ಲಿಸಿರುವುದಕ್ಕೂ, ಮುಂಗಾರಿನ ತಿಂಗಳುಗಳಲ್ಲಿ ಅವು ವಿದ್ಯುತ್ತನ್ನು ಅಷ್ಟು ಹೆಚ್ಚಾಗಿ ಕೊಡುವುದಕ್ಕೂ ಇದೇ ಕಾರಣ. ಈ ನಿಯಮವನ್ನು ಹಾಗೇ ಆಟಕ್ಕೆ ಇಳಿಸಿದರೆ ಗಿರಣಿ ಒಂದು ದಿನ ಹುಚ್ಚಾಗಿ ತಿರುಗಿ ಮರುದಿನ ಸುಮ್ಮನಾಗುತ್ತದೆ, ಆಟಗಾರ ರೋಸಿಹೋಗುತ್ತಾನೆ. ‘ವಿಂಟೇಜ್ ಸ್ಟೋರಿ’ ಎಂಬ ಆಟ ಇಲ್ಲಿ ಜಾಣತನ ತೋರಿಸಿದೆ. ಅಲ್ಲಿ ಎತ್ತರಕ್ಕೆ ಹೋದಷ್ಟೂ ಗಾಳಿ ಬಿರುಸು. ಅಗಸೆ ಬೆಳೆದು, ನಾರು ತೆಗೆದು, ಬಟ್ಟೆ ನೇಯ್ದು, ರೆಕ್ಕೆ ಹೊಲಿದು ಗೋಪುರದ ಮೇಲೆ ಕಟ್ಟಬೇಕು. ಅಲ್ಲಿಂದ ಮರದ ಅಚ್ಚು, ಹಲ್ಲುಚಕ್ರಗಳ ಮೂಲಕ ಶಕ್ತಿಯನ್ನು ಕೆಳಗಿಳಿಸಿ ಬೀಸುಕಲ್ಲು ತಿರುಗಿಸಬೇಕು, ಲೋಹ ಬಡಿಯುವ ದೊಡ್ಡ ಸುತ್ತಿಗೆ ಎತ್ತಿಸಬೇಕು. ಗಾಳಿಗಾಗಿ ಮನೆಯ ಜಾಗವನ್ನೇ ಬದಲಿಸಬೇಕೇ ಎಂಬ ಪ್ರಶ್ನೆ ಅಲ್ಲಿ ಏಳುತ್ತದೆ. ಅದು ಒಳ್ಳೆಯ ಪ್ರಶ್ನೆ.

ಕೆಲಸ ಮುಗಿಸಿ ಬಂದು ರಾತ್ರಿ ಒಂದು ಗಂಟೆ ಆಡುವವನನ್ನು ಗಾಳಿಗಾಗಿ ಕಾಯಿಸುವುದು ನ್ಯಾಯವೇ ಎಂಬ ಆಕ್ಷೇಪ ಇದೆ, ಅದನ್ನು ತಳ್ಳಿಹಾಕಲಾಗದು. ವಾಲ್‌ಹೈಮ್ ಇದಕ್ಕೂ ಒಂದು ದಾರಿ ಮಾಡಿದೆ. ಹಿಮಗಿರಿಯ ಮೋಡರ್ ಎಂಬ ಡ್ರ್ಯಾಗನ್ನನ್ನು ಗೆದ್ದವರಿಗೆ ಐದು ನಿಮಿಷ ಬೆನ್ನಗಾಳಿ ಬೀಸಿಸುವ ವರ ಸಿಗುತ್ತದೆ, ಇಪ್ಪತ್ತು ನಿಮಿಷಗಳ ನಂತರವೇ ಮತ್ತೆ ಬಳಸಬಹುದು. ಮೊದಲ ದಿನವೇ ಕೊಟ್ಟಿದ್ದರೆ ಗಾಳಿಯನ್ನು ಕೊಂದಂತಾಗುತ್ತಿತ್ತು. ಎದುರುಗಾಳಿಯನ್ನು ಸಾಕಷ್ಟು ಉಂಡವರಿಗೆ ಸಿಗುವುದರಿಂದ ಅದು ಗಳಿಕೆಯಾಗುತ್ತದೆ. ಇದಕ್ಕೆ ಬೇರೆಯಾಗಿ, 2020ರ ‘ಘೋಸ್ಟ್ ಆಫ್ ತ್ಸುಶಿಮಾ’ ಆಟದಲ್ಲಿ ಗಾಳಿಯೇ ಹುಲ್ಲು ಬಾಗಿಸಿ ಹೋಗಬೇಕಾದ ದಿಕ್ಕು ತೋರಿಸುತ್ತದೆ. ಅದು ಕಣ್ಣಿಗೆ ಹಬ್ಬ. ಆದರೆ ಅಲ್ಲಿನ ಗಾಳಿ ಆಟಗಾರನ ಸೇವಕ. ಸರ್ವೈವಲ್ ಗೇಮ್‌ಗೆ ಬೇಕಾದದ್ದು ಯಾರ ಮಾತನ್ನೂ ಕೇಳದ ಗಾಳಿ.

ಇನ್ನೂ ಏನೇನನ್ನು ಹೊರಬಹುದು ಈ ಗಾಳಿ? ‘ದಿ ಹಂಟರ್: ಕಾಲ್ ಆಫ್ ದಿ ವೈಲ್ಡ್’ನಲ್ಲಿ ಅದು ಬೇಟೆಗಾರನ ಮೈವಾಸನೆಯನ್ನು ಜಿಂಕೆಗೆ ಮುಟ್ಟಿಸುತ್ತದೆ. 2017ರ ‘ಬ್ರೆತ್ ಆಫ್ ದಿ ವೈಲ್ಡ್’ನಲ್ಲಿ ಹುಲ್ಲಿಗೆ ಬೆಂಕಿ ಹಚ್ಚಿದರೆ ಬಿಸಿಗಾಳಿ ಮೇಲಕ್ಕೇಳುತ್ತದೆ, ಅದರ ಮೇಲೆ ತೇಲಿ ಹಾರಬಹುದು. ಇವೆಲ್ಲ ಒಂದೇ ಆಟದಲ್ಲಿ, ಒಂದೇ ಗಾಳಿಯಿಂದ ನಡೆಯುವುದನ್ನು ನೋಡುವ ಆಸೆ ನನ್ನದು.

ಇನ್ನೊಂದು ಆಸೆಯೂ ಇದೆ. ನಾನು ಕಂಡ ಈ ಆಟಗಳ ಗಾಳಿಯೆಲ್ಲ ಉತ್ತರದ ಕಡಲಿನದು. ಗಂಟೆಗೊಂದು ದಿಕ್ಕು, ಯಾರೂ ಊಹಿಸಲಾರದ ಸ್ವಭಾವ. ಅರಬ್ಬಿ ಸಮುದ್ರದ ಗಾಳಿ ಹಾಗಲ್ಲ, ಅದಕ್ಕೆ ಪಂಚಾಂಗವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದಿಂದ, ಚಳಿಗಾಲದಲ್ಲಿ ಈಶಾನ್ಯದಿಂದ. ವಿಜಯನಗರದ ಕಾಲದಲ್ಲಿ ಭಟ್ಕಳದ ಬಂದರಿಗೆ ಅರಬ್ಬಿ ಕುದುರೆಗಳು ಬಂದಿಳಿದದ್ದು ಈ ಗಾಳಿಗಳನ್ನು ನೆಚ್ಚಿಕೊಂಡೇ. ಆಗ ಮಳೆಗಾಲದ ನಡುವಿನ ತಿಂಗಳುಗಳಲ್ಲಿ ಕರಾವಳಿಯ ಬಂದರುಗಳು ಮುಚ್ಚಿದಂತೆಯೇ ಇರುತ್ತಿದ್ದವು. ಹೋದ ಹಡಗು ಹಿಂದಿರುಗಲು ಗಾಳಿ ತಿರುಗುವವರೆಗೆ ಪರದೇಶದಲ್ಲಿ ತಂಗಬೇಕಿತ್ತು.

ಇದನ್ನು ಆಟವಾಗಿ ಕಲ್ಪಿಸಿಕೊಳ್ಳಿ. ಈಶಾನ್ಯದ ಗಾಳಿ ಇರುವಾಗ ಮೆಣಸು, ಬಟ್ಟೆ ಹೇರಿಕೊಂಡು ಹೊರಡಬೇಕು. ಎಷ್ಟು ಸರಕು, ಎಷ್ಟು ನೀರು, ಆಚೆ ದಡದಲ್ಲಿ ಎಷ್ಟು ದಿನದ ಖರ್ಚು ಎಂದು ಮೊದಲೇ ಲೆಕ್ಕ ಹಾಕಬೇಕು. ತಡ ಮಾಡಿದರೆ ಒಂದು ಋತುವೇ ಹೋಯಿತು. ಬಂದರು ಮುಚ್ಚಿದ ತಿಂಗಳುಗಳಲ್ಲಿ ದೋಣಿಯನ್ನು ದಡಕ್ಕೆಳೆದು ಹಲಗೆಯ ಸಂದು ಮುಚ್ಚಬೇಕು, ಹಗ್ಗ ಹೊಸೆಯಬೇಕು, ಹಾಯಿ ಹೊಲಿಯಬೇಕು, ಗದ್ದೆ ನಾಟಿ ಮಾಡಬೇಕು. ಸುಗ್ಗಿ ಬಂದಾಗ ಕಣದಲ್ಲಿ ರಾಶಿ ತೂರಲು ಮತ್ತೆ ಗಾಳಿಯ ದಿಕ್ಕನ್ನೇ ನೋಡಬೇಕು. ಜೊಳ್ಳು ಹಾರಿ ಕಾಳು ಕಾಲಬಳಿ ಬೀಳುವ ಆ ಕೆಲಸಕ್ಕೆ ಯಾವ ಗೇಮ್ ಎಂಜಿನ್ನೂ ಹೆದರಬೇಕಾಗಿಲ್ಲ. ಹಗುರಾದದ್ದು ದೂರಕ್ಕೆ, ಭಾರದ್ದು ಹತ್ತಿರಕ್ಕೆ ಎಂಬ ಎರಡು ಸಾಲಿನ ಲೆಕ್ಕ ಅದು. ಬೆಂಗಳೂರಿನಲ್ಲಿ ಗೇಮ್ ಕಟ್ಟುವುದನ್ನು ಕಲಿತ ಹುಡುಗ ಹುಡುಗಿಯರು ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಯಾರಾದರೂ ಮೊದಲು ಒಂದು ಕಣ, ಒಂದು ರಾಶಿ, ಒಂದು ಪಡುವಣ ಗಾಳಿಯಿಟ್ಟುಕೊಂಡು ಇದನ್ನು ಮಾಡಿ ನೋಡಲಿ, ಆಮೇಲೆ ಹಡಗು ಕಟ್ಟಲಿ.