ಪಂಪುಸೆಟ್ಟಿನ ಎಲೆಕ್ಟ್ರಾನಿಕ್ ಬೋರ್ಡಿನ ಲೇಪನದಲ್ಲಿ ಗುಳ್ಳೆಗಳು: ಕಾರಣವೂ ಪರಿಹಾರವೂ

ಕಪಿಲೆಯ ಕಾಲದಲ್ಲಿ ಹಗ್ಗ ಹರಿದರೆ ರೈತನು ತಾನೇ ಗಂಟು ಹಾಕಿ ಎತ್ತುಗಳನ್ನು ಹೊಡೆಯುತ್ತಿದ್ದನು. ಈಗಿನ ಕೊಳವೆಬಾವಿಯ ನೀರಾವರಿಯಲ್ಲಿ ಆ ಅನುಕೂಲವಿಲ್ಲ. ಮೊಬೈಲಿನ ಕರೆಯಿಂದ ಮೋಟಾರನ್ನು ನಡೆಯಿಸುವ ಸ್ಟಾರ್ಟರು, ಒಂದು ಫೇಸು ತಪ್ಪಿದರೆ ಅಥವಾ ಬಾವಿಯ ನೀರು ತೀರಿದರೆ ಮೋಟಾರನ್ನು ನಿಲ್ಲಿಸುವ ಸಾಧನ, ಸೌರ ಪಂಪಿನ ಕಂಟ್ರೋಲರು, ಇವೆಲ್ಲವೂ ಸಣ್ಣದೊಂದು ಎಲೆಕ್ಟ್ರಾನಿಕ್ ಬೋರ್ಡನ್ನು ಅವಲಂಬಿಸಿರುವುವು. ಈ ಬೋರ್ಡು ಕೆಟ್ಟರೆ ಮೋಟಾರು ಸುಡುವ ಸಂಭವವುಂಟು. ಅದು ರಿಪೇರಿಯಾಗಿ ಬರುವವರೆಗೆ ಪೈರಿಗೆ ನೀರು ತಪ್ಪುವುದಂತೂ ನಿಶ್ಚಯ.

ಪಂಪಿನ ಮನೆಯ ತೇವ, ಧೂಳು, ಹತ್ತಿರದಲ್ಲಿಟ್ಟ ರಸಗೊಬ್ಬರದ ಲವಣ, ಇವು ಬೋರ್ಡಿನ ಶತ್ರುಗಳು. ಇವುಗಳಿಂದ ರಕ್ಷಿಸುವುದಕ್ಕಾಗಿ ಬೋರ್ಡಿಗೆ ವಾರ್ನಿಷಿನಂತಹ ತೆಳುವಾದ ಲೇಪನವನ್ನು ಕೊಡುವರು. ಅಕ್ರಿಲಿಕ್ ಮತ್ತು ಪಾಲಿಯುರೆಥೇನ್ ಲೇಪನಗಳ ದಪ್ಪವು ಸಾಮಾನ್ಯವಾಗಿ 0.03ರಿಂದ 0.13 ಮಿಲಿಮೀಟರಿನೊಳಗಿರತಕ್ಕದ್ದು. ಇದಕ್ಕಿಂತ ದಪ್ಪವಾಗಿ ಬಳಿದರೆ ರಕ್ಷಣೆ ಹೆಚ್ಚುವುದೆಂಬ ಭಾವನೆಯು ತಪ್ಪು. ಗುಳ್ಳೆಗಳಿಗೆ ಮುಖ್ಯವಾದ ಕಾರಣಗಳಲ್ಲಿ ಇದೂ ಒಂದು.

ಎಲ್ಲಾ ಗುಳ್ಳೆಗಳೂ ಸಮಾನವಾಗಿ ಹಾನಿಕರವಲ್ಲ. ತಂತಿಗೆರೆಗಳಿಲ್ಲದ ಬರಿಯ ಜಾಗದಲ್ಲಿ ಒಂದೆರಡು ಸಣ್ಣ ಗುಳ್ಳೆಗಳಿದ್ದರೆ ಬಾಧಕವಿಲ್ಲ. ಆದರೆ ಎರಡು ಬೆಸುಗೆಗಳ ನಡುವೆ ಸೇತುವೆಯಂತೆ ನಿಂತ ಗುಳ್ಳೆಯೊಳಗೆ ತೇವವು ಸೇರಿದರೆ, ಲವಣವೂ ಕೂಡಿ ವಿದ್ಯುತ್ತು ಅಡ್ಡದಾರಿ ಹಿಡಿಯುವುದು. ತಾಮ್ರವು ಕಿಲುಬು ಹಿಡಿಯುವುದು. ಆಗ ಸ್ಟಾರ್ಟರು ಕಾರಣವಿಲ್ಲದೆ ನಿಲ್ಲಬಹುದು, ಅಥವಾ ನಿಲ್ಲಬೇಕಾದಾಗ ನಿಲ್ಲದಿರಬಹುದು. ಎರಡನೆಯದೇ ಹೆಚ್ಚು ಅಪಾಯಕರವಾದುದು.

ಗುಳ್ಳೆಯು ಯಾವಾಗ ಎದ್ದಿತೆಂಬುದನ್ನು ವಿಚಾರಿಸಿದರೆ ಕಾರಣವನ್ನು ಬಹುಮಟ್ಟಿಗೆ ತಿಳಿಯಬಹುದು.

ಮೊದಲನೆಯದಾಗಿ, ಬಳಿಯುವಾಗಲೇ ಎದ್ದರೆ ಅದು ಗಾಳಿಯ ಗುಳ್ಳೆ. ಡಬ್ಬಿಯನ್ನು ಕುಲುಕಿದ ಕೂಡಲೇ ಬಳಿಯುವುದು, ಕುಂಚವನ್ನು ರಭಸದಿಂದ ಆಡಿಸುವುದು, ದ್ರವವು ಗಟ್ಟಿಯಾಗಿರುವುದು ಇದಕ್ಕೆ ಕಾರಣಗಳು. ಬಿಡಿಭಾಗಗಳ ಅಡಿಯಲ್ಲಿ ಸಿಕ್ಕಿಕೊಂಡ ಗಾಳಿಯೂ ಹೀಗೆಯೇ ಮೇಲೇಳುವುದು. ಡಬ್ಬಿಯನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ತಕ್ಕ ತಿನ್ನರಿನಿಂದ ತೆಳುವು ಮಾಡಿ, ನಿಧಾನವಾಗಿ ಬಳಿಯತಕ್ಕದ್ದು.

ಎರಡನೆಯದಾಗಿ, ಒಣಗುವಾಗ ಎದ್ದರೆ ಒಳಗಿನ ತಿನ್ನರು ಸಿಕ್ಕಿಬಿದ್ದಿದೆಯೆಂದು ತಿಳಿಯಬೇಕು. ದಪ್ಪವಾಗಿ ಬಳಿದ ಲೇಪನವನ್ನು ಬಿಸಿಲಿಗಾಗಲಿ ಬಿಸಿಗಾಳಿಗಾಗಲಿ ಒಡನೆಯೇ ಒಡ್ಡಿದರೆ, ಹಾಲಿಗೆ ಕೆನೆ ಕಟ್ಟಿದಂತೆ ಮೇಲ್ಭಾಗ ಮೊದಲು ಗಟ್ಟಿಯಾಗಿ, ಕೆಳಗಿನ ಆವಿಯು ಅದನ್ನು ಉಬ್ಬಿಸುವುದು. ಒಂದು ದಪ್ಪ ಕೈಗೆ ಬದಲಾಗಿ ಎರಡು ತೆಳು ಕೈ ಕೊಟ್ಟು, ನಡುವೆ ನೆರಳಿನಲ್ಲಿ ಆರಗೊಡುವುದೇ ಪರಿಹಾರ.

ಮೂರನೆಯದಾಗಿ, ಕೆಲವು ವಾರಗಳ ನಂತರ ಅಥವಾ ಮಳೆಗಾಲದಲ್ಲಿ ಲೇಪನವು ಎದ್ದುಬಂದರೆ ದೋಷವು ಅಡಿಯಲ್ಲಿದೆ. ಹಸಿ ಗೋಡೆಗೆ ಹೊಡೆದ ಬಣ್ಣವು ಹೇಗೆ ನಿಲ್ಲದೋ ಹಾಗೆಯೇ ತೇವ, ಕೈ ಬೆವರು, ಬೆಸುಗೆಯ ಫ್ಲಕ್ಸು ಉಳಿದ ಬೋರ್ಡಿನಲ್ಲಿ ಲೇಪನವು ನಿಲ್ಲದು. ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆದು, ಸುಮಾರು 60 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಕೆಲವು ಗಂಟೆ ಒಣಗಿಸಿ, ಆರಿದ ಮೇಲೆ ಬಳಿಯತಕ್ಕದ್ದು.

ಗುಳ್ಳೆಯ ಮೇಲೆಯೇ ಮತ್ತೊಂದು ಕೈ ಬಳಿಯುವುದು ಕೂಡದು; ಅದರಿಂದ ದೋಷವು ಮುಚ್ಚಿಹೋಗುವುದೇ ಹೊರತು ನಿವಾರಣೆಯಾಗದು. ಕೆಟ್ಟ ಭಾಗವನ್ನು ತೆಗೆದೇ ಹೊಸದಾಗಿ ಲೇಪಿಸಬೇಕು. ಅಕ್ರಿಲಿಕ್ ಲೇಪನವು ತಕ್ಕ ತಿನ್ನರಿನಲ್ಲಿ ಕರಗುವುದರಿಂದ ಈ ಕೆಲಸ ಸುಲಭ. ರಿಲೇ ಮತ್ತು ತಂತಿ ಸೇರಿಸುವ ಕನೆಕ್ಟರುಗಳಿಗೆ ಲೇಪನವು ತಗಲದಂತೆ ಮುಚ್ಚಿಡಬೇಕು. ತಿನ್ನರೂ ಆಲ್ಕೊಹಾಲೂ ಬೇಗ ಹೊತ್ತಿಕೊಳ್ಳುವುದರಿಂದ ಬೀಡಿ, ಒಲೆಗಳು ದೂರವಿರಲಿ. ವಿದ್ಯುತ್ತನ್ನು ತೆಗೆದ ಮೇಲೂ ಕೆಪಾಸಿಟರುಗಳಲ್ಲಿ ಅದು ಉಳಿದಿರುವುದುಂಟು. ಆದಕಾರಣ ಬೋರ್ಡನ್ನು ಬಿಚ್ಚುವ ಕೆಲಸವನ್ನು ಪರಿಣತನಾದ ಮೆಕ್ಯಾನಿಕ್ಕನಿಗೇ ಬಿಡುವುದು ಲೇಸು.

ರೈತರು ನೋಡಿಕೊಳ್ಳತಕ್ಕ ವಿಷಯಗಳೂ ಉಂಟು. ಅನೇಕ ಲೇಪನಗಳು ನೋಟು ಪರೀಕ್ಷಿಸುವ ನೇರಳೆ ದೀಪದಡಿಯಲ್ಲಿ ನೀಲಿಯಾಗಿ ಹೊಳೆಯುವುವು. ಲೇಪನ ತಪ್ಪಿದ ಜಾಗವೂ ಗುಳ್ಳೆಗಳೂ ಆ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುವುವು. ರಿಪೇರಿಯಾದ ಬೋರ್ಡನ್ನು ಪಡೆಯುವಾಗ ಹೀಗೆ ತೋರಿಸೆಂದು ಮೆಕ್ಯಾನಿಕ್ಕನನ್ನು ಕೇಳತಕ್ಕದ್ದು. ಸ್ಟಾರ್ಟರಿನ ಪೆಟ್ಟಿಗೆಯ ಬಾಗಿಲು ಭದ್ರವಾಗಿರಲಿ. ಗೊಬ್ಬರದ ಚೀಲಗಳು ಅದರ ಬಳಿ ಇರದಿರಲಿ.

ಊರಿನ ಯಜಮಾನರು ಮುಂಗಾರಿಗೆ ಮುಂಚೆಯೇ ಮೆಕ್ಯಾನಿಕ್ಕನನ್ನು ಕರೆಯಿಸಿ ಊರಿನ ಸ್ಟಾರ್ಟರುಗಳನ್ನೆಲ್ಲಾ ಒಂದೇ ಸಲ ಪರೀಕ್ಷಿಸಿದರೆ ಖರ್ಚು ಹಂಚಿಹೋಗುವುದು. ಮೋಟಾರು ಸುಟ್ಟ ಮೇಲೆ ಪರಿತಪಿಸುವುದಕ್ಕಿಂತ ಗುಳ್ಳೆಯನ್ನು ಕಂಡಾಗಲೇ ಎಚ್ಚರಗೊಳ್ಳುವುದು ಜಾಣತನವು.